ಒಂದೇ ಚೀಲ ಇಬ್ಬರಿಗೆ ಬಿಲ್ ಆಗದಂತೆ ಡೇಟಾಬೇಸ್ ಹೊಂದಿಸುವುದು ಹೇಗೆ?

ಜನವರಿ ಬಂತೆಂದರೆ ಚಿಕ್ಕಮಗಳೂರಿನ ಕಾಫಿ ಗೋದಾಮುಗಳಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಅರೇಬಿಕಾ ಕೊಯ್ಲು ಮುಗಿಯುತ್ತಾ ಬಂದಿರುತ್ತದೆ, ರೋಬಸ್ಟಾ ಶುರುವಾಗಿರುತ್ತದೆ. ಒಂದು ಕಡೆ ಬೆಳೆಗಾರರ ಚೀಲ ಇಳಿಯುತ್ತಿದ್ದರೆ ಇನ್ನೊಂದು ಕಡೆ ಲಾರಿಗೆ ಲೋಡ್ ಆಗುತ್ತಿರುತ್ತದೆ. ಎರಡು ಕೌಂಟರಿನಲ್ಲಿ ಕೂತ ಇಬ್ಬರು ಒಂದೇ ಸ್ಟಾಕ್ ಟೇಬಲ್ಲಿಗೆ ಬಿಲ್ ಹಾಕುತ್ತಾರೆ. ಲೆಕ್ಕ ತಪ್ಪುವುದು ಇಲ್ಲೇ.

50 ಕೆಜಿಯ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಕಾಫಿ) ಚೀಲ 120 ಇವೆ ಅಂದುಕೊಳ್ಳಿ. ಮೊದಲ ಕೌಂಟರಿನ ಪ್ರೋಗ್ರಾಂ 120 ಎಂದು ಓದಿ 80 ಮಾರುತ್ತದೆ. ಅದು ಕಮಿಟ್ ಆಗುವ, ಅಂದರೆ ಡೇಟಾಬೇಸಿನಲ್ಲಿ ಖಾಯಂ ಆಗುವ ಮೊದಲೇ ಎರಡನೆಯ ಕೌಂಟರೂ 120 ಎಂದೇ ಓದಿ 70 ಮಾರುತ್ತದೆ. ಮೊದಲನೆಯದು ಉಳಿಕೆ 40 ಎಂದು ಬರೆಯುತ್ತದೆ. ಎರಡನೆಯದು ಅದರ ಮೇಲೆ 50 ಎಂದು ಬರೆಯುತ್ತದೆ. ಮಾರಿದ್ದು 150 ಚೀಲ, ಆದರೂ ಕಂಪ್ಯೂಟರಿನಲ್ಲಿ ಇನ್ನೂ 50 ಉಳಿದಿದೆ! ಬಿಲ್ ಹಾಕಿದವರದ್ದು ತಪ್ಪಲ್ಲ. ಒಂದು ಟ್ರಾನ್ಸಾಕ್ಷನ್ (ಆದರೆ ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಎಂಬ ಕೆಲಸಗಳ ಗುಂಪು) ನಡೆಯುವಾಗ ಇನ್ನೊಂದರ ಕೆಲಸ ಅದಕ್ಕೆ ಎಷ್ಟು ಕಾಣಬೇಕು, ಎಷ್ಟು ಕಾಣಬಾರದು ಎಂದು ನಾವು ಡೇಟಾಬೇಸಿಗೆ ಹೇಳಿರಲಿಲ್ಲ, ಅಷ್ಟೆ. ಅದನ್ನು ಹೇಳುವುದು ಐಸೊಲೇಶನ್ ಲೆವೆಲ್. ಓದಲು ಮಾತ್ರವೋ, ಬರೆಯಲೂ ಬೇಕೋ ಎಂದು ಹೇಳುವುದು ಆಕ್ಸೆಸ್ ಮೋಡ್.

ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವನ್ನೇ ಬಳಸಿ.

ಮೊದಲು ಈಗೇನಿದೆ ನೋಡಿ

ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎರಡೂ ಡೇಟಾಬೇಸ್ ಸಾಫ್ಟ್‌ವೇರ್‌ಗಳು. ಪೋಸ್ಟ್‌ಗ್ರೆಸ್‌ನಲ್ಲಿ 'ಶೋ ಟ್ರಾನ್ಸಾಕ್ಷನ್_ಐಸೊಲೇಶನ್' ಎಂದು ಕೇಳಿ. ಮೈಎಸ್‌ಕ್ಯೂಎಲ್ 8ರಲ್ಲಿ 'ಸೆಲೆಕ್ಟ್ @@ಟ್ರಾನ್ಸಾಕ್ಷನ್_ಐಸೊಲೇಶನ್'. ನೀವು ಏನೂ ಬದಲಾಯಿಸಿಲ್ಲದಿದ್ದರೆ ಪೋಸ್ಟ್‌ಗ್ರೆಸ್ 'ರೀಡ್ ಕಮಿಟೆಡ್' ಅನ್ನುತ್ತದೆ, ಮೈಎಸ್‌ಕ್ಯೂಎಲ್ 'ರಿಪೀಟಬಲ್ ರೀಡ್' ಅನ್ನುತ್ತದೆ. ಒಂದರಲ್ಲಿ ಬರೆದ ಪ್ರೋಗ್ರಾಂ ಇನ್ನೊಂದರಲ್ಲಿ ಬೇರೆ ಥರ ನಡೆದುಕೊಳ್ಳಲು ಇದೂ ಒಂದು ಕಾರಣ.

ಕೆಲಸ ನೋಡಿ ಲೆವೆಲ್ ಆರಿಸಿ

ಡೇಟಾಬೇಸಿನ ಜೊತೆ ಮಾತಾಡುವ ಭಾಷೆಯಾದ ಎಸ್‌ಕ್ಯೂಎಲ್‌ನ 1992ರ ಸ್ಟ್ಯಾಂಡರ್ಡ್ ನಾಲ್ಕು ಲೆವೆಲ್ ಹೇಳುತ್ತದೆ. ಎಲ್ಲಕ್ಕಿಂತ ಕೆಳಗಿನದು ರೀಡ್ ಅನ್‌ಕಮಿಟೆಡ್. ಇದರಲ್ಲಿ ಬೇರೆಯವರು ಇನ್ನೂ ಕಮಿಟ್ ಮಾಡದ ಅಂಕಿಯೂ ಕಾಣಬಹುದು. ಹಣದ ಲೆಕ್ಕಕ್ಕೆ ಇದು ಬೇಡವೇ ಬೇಡ. ಪೋಸ್ಟ್‌ಗ್ರೆಸ್ ಅಂತೂ ಇದನ್ನು ಕೇಳಿದರೂ ರೀಡ್ ಕಮಿಟೆಡ್ ಅನ್ನೇ ಕೊಡುತ್ತದೆ.

ರೀಡ್ ಕಮಿಟೆಡ್‌ನಲ್ಲಿ ಪ್ರತಿ ಕ್ವೆರಿಯೂ (ಡೇಟಾಬೇಸಿಗೆ ಕೊಡುವ ಒಂದೊಂದು ಆದೇಶ) ಆ ಕ್ಷಣದವರೆಗೆ ಕಮಿಟ್ ಆದದ್ದನ್ನು ನೋಡುತ್ತದೆ. ಮೇಲಿನ ಚೀಲದ ಕಥೆ ನಡೆದದ್ದು ಇದರಲ್ಲೇ. ಹಾಗಂತ ಇದು ಕೆಟ್ಟದ್ದಲ್ಲ. ಉಳಿಕೆಯನ್ನು ಪ್ರೋಗ್ರಾಂನಲ್ಲಿ ಕಳೆದು ಬರೆಯುವ ಬದಲು, ಅಪ್‌ಡೇಟ್ ಒಳಗೇ 'ಚೀಲ = ಚೀಲ - 70, ಚೀಲ 70ಕ್ಕಿಂತ ಕಡಿಮೆ ಇಲ್ಲದಿದ್ದರೆ ಮಾತ್ರ' ಎಂದು ಷರತ್ತು ಹಾಕಿ. ಆಗ ಎರಡನೆಯ ಕೌಂಟರು ಮೊದಲನೆಯದು ಮುಗಿಯುವವರೆಗೆ ಕಾಯುತ್ತದೆ, ಹೊಸ ಉಳಿಕೆ 40 ಎಂದು ನೋಡುತ್ತದೆ, ಯಾವ ಸಾಲನ್ನೂ ಬದಲಾಯಿಸುವುದಿಲ್ಲ. ಎಷ್ಟು ಸಾಲು ಬದಲಾಯಿತು ಎಂದು ಪ್ರೋಗ್ರಾಂ ನೋಡಲೇಬೇಕು. ಸೊನ್ನೆ ಬಂದರೆ ಬಿಲ್ ಇಲ್ಲ. ಒಂದೇ ಸಾಲಿನ ಸ್ಟಾಕಿಗೆ ನನ್ನ ಮಟ್ಟಿಗೆ ಇದೇ ಸರಳ ದಾರಿ.

ರಿಪೀಟಬಲ್ ರೀಡ್‌ನಲ್ಲಿ ಮೊದಲ ಓದಿನಲ್ಲಿ ಕಂಡ ಚಿತ್ರವೇ ಕೊನೆಯವರೆಗೂ ಕಾಣುತ್ತದೆ. ಆದರೆ ಹೆಸರು ಒಂದೇ ಎಂದು ನಂಬಿ ಕೂರಬೇಡಿ. ಚೀಲದ ಕಥೆಯನ್ನು ಪೋಸ್ಟ್‌ಗ್ರೆಸ್‌ನಲ್ಲಿ ಈ ಲೆವೆಲ್‌ನಲ್ಲಿ ನಡೆಸಿದರೆ ಎರಡನೆಯ ಕೌಂಟರಿಗೆ ಎರರ್ ಬರುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಎರರ್ ಇಲ್ಲದೆ ಸುಮ್ನೆ 50 ಎಂದು ಬರೆದುಬಿಡುತ್ತದೆ. ಅಲ್ಲಿ ಓದುವಾಗಲೇ 'ಸೆಲೆಕ್ಟ್ ... ಫಾರ್ ಅಪ್‌ಡೇಟ್' ಹಾಕಿ ಆ ಸಾಲನ್ನು ಹಿಡಿದಿಟ್ಟುಕೊಳ್ಳಬೇಕು.

ಸೀರಿಯಲೈಜಬಲ್ ಬೇಕಾಗುವುದು ನಿಯಮ ಒಂದಕ್ಕಿಂತ ಜಾಸ್ತಿ ಸಾಲುಗಳ ಮೇಲೆ ನಿಂತಾಗ. ಒಬ್ಬ ಬೆಳೆಗಾರರ ಪಾರ್ಚ್‌ಮೆಂಟ್ 60 ಚೀಲ, ಚೆರಿ (ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ ಕಾಫಿ) 60 ಚೀಲ ಗೋದಾಮಿನಲ್ಲಿವೆ. ಸಾಲಕ್ಕೆ ಅಡವಿಟ್ಟದ್ದರಿಂದ ಎರಡೂ ಸೇರಿ ಕನಿಷ್ಠ 60 ಚೀಲ ಇರಲೇಬೇಕು. ಒಂದು ಕೌಂಟರು ಒಟ್ಟು 120 ಇದೆ ಎಂದು ನೋಡಿ ಪಾರ್ಚ್‌ಮೆಂಟ್ ಪೂರ್ತಿ ಬಿಡುತ್ತದೆ. ಅದೇ ಹೊತ್ತಿಗೆ ಇನ್ನೊಂದೂ 120 ಎಂದು ನೋಡಿ ಚೆರಿ ಪೂರ್ತಿ ಬಿಡುತ್ತದೆ. ಬೇರೆ ಬೇರೆ ಸಾಲು, ಹಾಗಾಗಿ ಪೋಸ್ಟ್‌ಗ್ರೆಸ್‌ನ ರಿಪೀಟಬಲ್ ರೀಡ್‌ಗೂ ಇದು ಗೊತ್ತಾಗುವುದಿಲ್ಲ. ಗೋದಾಮು ಖಾಲಿ! ಸೀರಿಯಲೈಜಬಲ್‌ನಲ್ಲಿ ಮಾತ್ರ ಇಬ್ಬರಲ್ಲಿ ಒಬ್ಬರದ್ದು ರದ್ದಾಗುತ್ತದೆ. 2011ರಲ್ಲಿ ಬಂದ 9.1 ಆವೃತ್ತಿಯಿಂದ ಪೋಸ್ಟ್‌ಗ್ರೆಸ್‌ನಲ್ಲಿ ಈ ಕಾವಲು ಇದೆ.

ಕಮಾಂಡ್ ಕೊಡುವ ಜಾಗ ಮುಖ್ಯ

ಪೋಸ್ಟ್‌ಗ್ರೆಸ್‌ನಲ್ಲಿ ಮೊದಲು 'ಬಿಗಿನ್', ಆಮೇಲೆ 'ಸೆಟ್ ಟ್ರಾನ್ಸಾಕ್ಷನ್ ಐಸೊಲೇಶನ್ ಲೆವೆಲ್ ಸೀರಿಯಲೈಜಬಲ್', ಅದಾದ ಮೇಲೆಯೇ ಮೊದಲ ಕ್ವೆರಿ. ಮೈಎಸ್‌ಕ್ಯೂಎಲ್‌ನಲ್ಲಿ ಉಲ್ಟಾ: ಈ 'ಸೆಟ್ ಟ್ರಾನ್ಸಾಕ್ಷನ್' ಅನ್ನು 'ಸ್ಟಾರ್ಟ್ ಟ್ರಾನ್ಸಾಕ್ಷನ್'ಗಿಂತ ಮೊದಲೇ ಕೊಡಬೇಕು, ಅದು ಮುಂದಿನ ಒಂದು ಟ್ರಾನ್ಸಾಕ್ಷನ್‌ಗೆ ಮಾತ್ರ ಅನ್ವಯ. 'ಸೆಟ್ ಗ್ಲೋಬಲ್' ಕೊಟ್ಟರೆ ಹೊಸದಾಗಿ ಬರುವ ಕನೆಕ್ಷನ್‌ಗಳಿಗಷ್ಟೇ ತಾಗುತ್ತದೆ, ಈಗಾಗಲೇ ತೆರೆದಿರುವ ಕೌಂಟರುಗಳು ಹಳೆಯದರಲ್ಲೇ ನಡೆಯುತ್ತಿರುತ್ತವೆ.

ಎರರ್ ಬಂದರೆ ಮತ್ತೆ ಮಾಡಿಸಿ

ಲೆವೆಲ್ ಏರಿಸಿ ಇದನ್ನು ಬಿಟ್ಟರೆ ಅರ್ಧ ಕೆಲಸ ಮಾಡಿದಂತೆ. ಎಸ್‌ಕ್ಯೂಎಲ್ ಸ್ಟೇಟ್ (ಎರರ್‌ನ ಕೋಡ್) 40001 ಎಂದು ಬಂದರೆ ಡೇಟಾಬೇಸ್ ಕೆಟ್ಟಿಲ್ಲ, ನಿಮ್ಮ ಲೆಕ್ಕವನ್ನು ಕಾಪಾಡಿದೆ. ಪ್ರೋಗ್ರಾಂ ರೋಲ್‌ಬ್ಯಾಕ್ ಮಾಡಿ (ಅಲ್ಲಿಯವರೆಗೆ ಮಾಡಿದ್ದನ್ನೆಲ್ಲ ರದ್ದು ಮಾಡಿ), ಸ್ಟಾಕ್ ಓದುವುದರಿಂದ ಹಿಡಿದು ಇಡೀ ಟ್ರಾನ್ಸಾಕ್ಷನ್ ಮತ್ತೆ ನಡೆಸಬೇಕು. ಕೊನೆಯ ಕ್ವೆರಿ ಒಂದನ್ನೇ ಮತ್ತೆ ಕಳಿಸಿದರೆ ಪ್ರಯೋಜನವಿಲ್ಲ. ಗಿರಾಕಿ ರೇಟು ಚೌಕಾಸಿ ಮಾಡುತ್ತಿರುವಾಗ ಟ್ರಾನ್ಸಾಕ್ಷನ್ ತೆರೆದಿಡಲೂ ಬೇಡಿ. ಮಾತು ಮುಗಿದ ಮೇಲೆ ತೆರೆಯಿರಿ, ಬೇಗ ಮುಗಿಸಿ. ತೆರೆದಿದ್ದಷ್ಟೂ ಹೊತ್ತು ಡಿಕ್ಕಿಯ ಸಾಧ್ಯತೆ ಜಾಸ್ತಿ.

ರಿಪೋರ್ಟಿಗೆ ರೀಡ್ ಓನ್ಲಿ

ತಿಂಗಳ ಕೊನೆಯ ರಿಪೋರ್ಟಿನಲ್ಲಿ ಸ್ಟಾಕಿನ ಮೊತ್ತ, ಬಿಲ್ಲಿನ ಮೊತ್ತ ಎರಡೂ ತಾಳೆಯಾಗಬೇಕು ಅಲ್ವಾ? ಅದಕ್ಕೆ 'ಐಸೊಲೇಶನ್ ಲೆವೆಲ್ ರಿಪೀಟಬಲ್ ರೀಡ್, ರೀಡ್ ಓನ್ಲಿ' ಸಾಕು. ನಡುವೆ ಯಾರು ಬಿಲ್ ಹಾಕಿದರೂ ಎರಡು ಮೊತ್ತವೂ ಒಂದೇ ಕ್ಷಣದವು. ಬರೆಯಲು ಹೋದರೆ ಡೇಟಾಬೇಸೇ ತಡೆಯುತ್ತದೆ.

ರಿಪೋರ್ಟ್ ಯೂಸರಿಗೆ 'ಡೀಫಾಲ್ಟ್_ಟ್ರಾನ್ಸಾಕ್ಷನ್_ರೀಡ್_ಓನ್ಲಿ = ಆನ್' ಎಂದು 'ಆಲ್ಟರ್ ರೋಲ್' ಮೂಲಕ ಹಾಕಿಟ್ಟರೆ ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಸಲ ಬರೆಯಬೇಕಿಲ್ಲ. ಆದರೆ ಇದನ್ನೇ ಬೀಗ ಅಂದುಕೊಳ್ಳಬೇಡಿ, ಆ ಯೂಸರೇ 'ರೀಡ್ ರೈಟ್' ಎಂದು ಬದಲಾಯಿಸಿಕೊಳ್ಳಬಹುದು. 'ಗ್ರಾಂಟ್' ಕೊಡುವಾಗ ಸೆಲೆಕ್ಟ್ ಹಕ್ಕು ಮಾತ್ರ ಕೊಡಿ.

ಎರಡು ಕಿಟಕಿ ತೆರೆದು ಪರೀಕ್ಷಿಸಿ

ಇದನ್ನು ಟೆಸ್ಟ್ ಡೇಟಾಬೇಸಿನಲ್ಲಿ ಮಾಡಿ. ಪೋಸ್ಟ್‌ಗ್ರೆಸ್‌ಗೆ ಎರಡು ಟರ್ಮಿನಲ್‌ನಿಂದ ಹೋಗಿ, ಎರಡರಲ್ಲೂ ರಿಪೀಟಬಲ್ ರೀಡ್ ಹಾಕಿ, ಎರಡರಲ್ಲೂ ಚೀಲ ಓದಿ. ಮೊದಲನೆಯದರಲ್ಲಿ ಅಪ್‌ಡೇಟ್ ಕೊಡಿ, ಕಮಿಟ್ ಬೇಡ. ಎರಡನೆಯದರಲ್ಲಿ ಅದೇ ಸಾಲಿಗೆ ಅಪ್‌ಡೇಟ್ ಕೊಟ್ಟರೆ ಕರ್ಸರ್ ಅಲ್ಲೇ ನಿಂತುಬಿಡುತ್ತದೆ. ಈಗ ಮೊದಲನೆಯದನ್ನು ಕಮಿಟ್ ಮಾಡಿ. ಎರಡನೆಯದರಲ್ಲಿ 'ಕುಡ್ ನಾಟ್ ಸೀರಿಯಲೈಜ್ ಆಕ್ಸೆಸ್' ಎಂದು ಬಂದರೆ ಸೆಟ್ಟಿಂಗ್ ಕೆಲಸ ಮಾಡುತ್ತಿದೆ. ಬದಲಿಗೆ 'ಅಪ್‌ಡೇಟ್ 1' ಎಂದು ಬಂದರೆ, ಬಹುಶಃ ಲೆವೆಲ್ ಹಾಕುವ ಕಮಾಂಡನ್ನು 'ಬಿಗಿನ್'ಗಿಂತ ಮೊದಲೇ ಕೊಟ್ಟಿದ್ದೀರಿ. ಆಗ ಪೋಸ್ಟ್‌ಗ್ರೆಸ್ ಒಂದು ವಾರ್ನಿಂಗ್ ತೋರಿಸಿ ಮುಂದೆ ಹೋಗಿರುತ್ತದೆ. ಮೇಲಕ್ಕೆ ಸ್ಕ್ರಾಲ್ ಮಾಡಿ ನೋಡಿ.