ಸೋರುವ ನಲ್ಲಿ, ಅಳತೆ ಜಾರ್ ಮತ್ತು ದಶಮಾಂಶ: ನಿಜವಾದ ಕೆಲಸ ಕೊಟ್ಟು ಕಲಿಸುವುದು

ನಿಜಜೀವನಕ್ಕೆ ಹೊಂದಿಸಿ ಕಲಿಸುವುದೆಂದರೆ ಲೆಕ್ಕದ ವಾಕ್ಯದೊಳಗೆ ಒಂದು ಅಂಗಡಿಯನ್ನೋ ರೈಲನ್ನೋ ತಂದು ಕೂರಿಸುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. ಅಂಥ ಲೆಕ್ಕದ ಉತ್ತರ ಶಿಕ್ಷಕರಿಗೆ ಮೊದಲೇ ಗೊತ್ತಿರುತ್ತದೆ, ಪುಸ್ತಕದ ಕೊನೆಯ ಪುಟದಲ್ಲೂ ಇರುತ್ತದೆ. ಮಗು ತಪ್ಪು ಬರೆದರೆ ಅಂಕ ಹೋಗುತ್ತದೆ, ಅಷ್ಟೇ. ಕೆಲಸ ಆರಿಸುವಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಉತ್ತರ ನನ್ನನ್ನು ಬಿಟ್ಟು ಬೇರೆ ಯಾರಿಗೆ ಬೇಕು? ಆ ವ್ಯಕ್ತಿ ಯಾರೆಂದು ಹೇಳಲಾಗದಿದ್ದರೆ, ಚಟುವಟಿಕೆ ಎಷ್ಟೇ ಚೆನ್ನಾಗಿ ಕಂಡರೂ ಕೈಬಿಡುತ್ತೇನೆ.

ವಿಚಾರ ಹಳೆಯದು. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1896ರಲ್ಲಿ ಶಿಕಾಗೊದಲ್ಲಿ ಶುರುಮಾಡಿದ ಪ್ರಾಯೋಗಿಕ ಶಾಲೆಯಲ್ಲಿ ಅಡುಗೆ, ಮರಗೆಲಸ, ನೇಯ್ಗೆಯ ಮೂಲಕವೇ ಗಣಿತ, ವಿಜ್ಞಾನ ಕಲಿಸುತ್ತಿದ್ದರು. ತತ್ವವನ್ನು ಒಪ್ಪುವವರಿಗೆ ಕೊರತೆಯಿಲ್ಲ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ, ಮುಗಿಸಬೇಕಾದ ಪಠ್ಯದ ನಡುವೆ ಮಾಡುವುದು ಹೇಗೆ ಎಂಬುದೇ ಕಷ್ಟ. ಹಾಗಾಗಿ ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸುತ್ತೇನೆ. ಆರು-ಏಳನೇ ತರಗತಿಯ ಸರಾಸರಿ, ದಶಮಾಂಶ, ಏಕಮಾನಗಳ ಪರಿವರ್ತನೆ ಮೂರಕ್ಕೂ ಇದು ಸಾಕು.

ಮಕ್ಕಳಿಗೆ ಕೊಡುವ ಕೆಲಸ ಇದು: ಶಾಲೆಯ ಯಾವ ನಲ್ಲಿಗಳಿಂದ ಎಷ್ಟು ನೀರು ಸೋರುತ್ತಿದೆ ಎಂದು ಅಳೆಯಬೇಕು, ಯಾವುದನ್ನು ಮೊದಲು ರಿಪೇರಿ ಮಾಡಿಸಬೇಕು ಎಂದು ಮುಖ್ಯ ಶಿಕ್ಷಕರಿಗೆ ಒಂದು ಪುಟದ ವರದಿ ಕೊಡಬೇಕು. ತರಗತಿಯಲ್ಲಿ ಹೇಳುವುದಕ್ಕೆ ಎರಡು ವಾರ ಮೊದಲೇ ಮುಖ್ಯ ಶಿಕ್ಷಕರೊಂದಿಗೆ ಮಾತಾಡಿಕೊಳ್ಳುತ್ತೇನೆ. ಎರಡು ಮಾತು ಅವರಿಂದ ಬೇಕು. ವರದಿ ಓದಿ ಕನಿಷ್ಠ ಒಂದು ನಲ್ಲಿಯ ಬಗ್ಗೆ ತೀರ್ಮಾನ ತೆಗೆದುಕೊಳ್ಳಬೇಕು. ಆ ತೀರ್ಮಾನವನ್ನು, ಅದು ‘ಈಗ ಆಗುವುದಿಲ್ಲ’ ಎಂದಾದರೂ ಸರಿ, ಮಕ್ಕಳ ಎದುರೇ ಕಾರಣ ಸಹಿತ ಹೇಳಬೇಕು. ಓದುವವರು ‘ಭೇಷ್, ಚೆನ್ನಾಗಿದೆ’ ಎಂದಷ್ಟೇ ಹೇಳಿ ಕಳಿಸಿದರೆ ಮುಂದಿನ ಕೆಲಸವನ್ನು ಮಕ್ಕಳು ನಂಬುವುದಿಲ್ಲ.

ಸಾಮಾನು ಹೆಚ್ಚೇನೂ ಬೇಡ. ಪ್ರತಿ ಗುಂಪಿಗೆ ಅಗಲ ಬಾಯಿಯ ಒಂದು ಪಾತ್ರೆ, 100 ಮಿಲಿ ಅಳತೆ ಜಾರ್, ಸೆಕೆಂಡ್ ಮುಳ್ಳಿರುವ ಗಡಿಯಾರ, ಗೆರೆ ಹಾಕಿದ ಹಾಳೆ. ಜಾರ್‌ನಲ್ಲಿ 1 ಮಿಲಿ ಗೆರೆಗಳಿದ್ದರೆ ಒಳ್ಳೆಯದು. ಬಾಟಲಿ ಕತ್ತರಿಸಿ 50 ಮಿಲಿಗೊಂದು ಗೆರೆ ಎಳೆದುಕೊಂಡು ಅಳೆದರೆ ಸಣ್ಣ ಸೋರಿಕೆಯೂ ದೊಡ್ಡ ಸೋರಿಕೆಯೂ ಒಂದೇ ಥರ ಕಾಣುತ್ತವೆ. ಗುಂಪಿಗೆ ಮೂರು ಮಕ್ಕಳು: ಒಬ್ಬರು ಪಾತ್ರೆ ಹಿಡಿಯಲು, ಒಬ್ಬರು ಸಮಯ ನೋಡಲು, ಒಬ್ಬರು ಬರೆಯಲು. ನಾಲ್ಕನೆಯವರು ಬಂದರೆ ಅವರಿಗೆ ಮಾಡಲು ಏನೂ ಉಳಿಯುವುದಿಲ್ಲ; ಆರು ಜನರ ಗುಂಪಾದರೆ ಇಬ್ಬರು ದುಡಿಯುತ್ತಾರೆ, ನಾಲ್ವರು ನೋಡುತ್ತಾರೆ. ನಲ್ಲಿ ಬದಲಾದಾಗಲೆಲ್ಲ ಮೂವರೂ ಜಾಗ ಬದಲಿಸಬೇಕು.

ಮೊದಲ ಪೀರಿಯಡ್ಡಿನಲ್ಲಿ ನಲ್ಲಿಯ ಹತ್ತಿರ ಹೋಗುವುದೇ ಇಲ್ಲ. ಜಾರ್ ಓದುವುದನ್ನು ಕಲಿಸುತ್ತೇನೆ. ನೀರಿನ ಮೇಲ್ಮೈ ಗಾಜಿನ ಅಂಚಿನಲ್ಲಿ ಮೇಲೇರಿ ನಡುವೆ ತಗ್ಗಾಗಿರುತ್ತದೆ. ಜಾರನ್ನು ಸಮತಟ್ಟಾದ ಜಾಗದಲ್ಲಿಟ್ಟು, ಬಗ್ಗಿ, ಕಣ್ಣನ್ನು ಅದೇ ಮಟ್ಟಕ್ಕೆ ತಂದು ಆ ತಗ್ಗಿನ ತಳವನ್ನು ಓದಬೇಕು. ನಿಂತುಕೊಂಡೇ ಮೇಲಿನಿಂದ ಓದಿದ ಮಗುವಿಗೂ ಬಗ್ಗಿ ಓದಿದ ಮಗುವಿಗೂ ಒಂದೇ ನೀರಿನಲ್ಲಿ ಎರಡು-ಮೂರು ಮಿಲಿ ವ್ಯತ್ಯಾಸ ಬರುವುದುಂಟು. ಆ ಎರಡು ಸಂಖ್ಯೆಗಳನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದರೆ ಸಾಕು, ಉಪದೇಶ ಬೇಕಿಲ್ಲ.

ಎರಡನೇ ಪೀರಿಯಡ್ಡು ಅಳತೆಗೆ. ಪ್ರತಿ ನಲ್ಲಿಯಿಂದ 5 ನಿಮಿಷ ನೀರು ಹಿಡಿಯಬೇಕು, ಹೀಗೆ ಮೂರು ಸಲ. ಒಂದು ನಿಮಿಷವಷ್ಟೇ ಹಿಡಿದರೆ ಪಾತ್ರೆ ಒಡ್ಡುವ, ತೆಗೆಯುವ ಗಳಿಗೆಯಲ್ಲಿ ಆಗುವ ಹೆಚ್ಚುಕಮ್ಮಿಯೇ ದೊಡ್ಡದಾಗುತ್ತದೆ. ನೆಲ ಒದ್ದೆಯಾಗಿ ಜಾರುವುದರಿಂದ ಓಡಾಟಕ್ಕೆ ಅವಕಾಶವಿಲ್ಲ. ಒಂದು ಹೊತ್ತಿಗೆ ಒಂದು ನಲ್ಲಿಗೆ ಒಂದೇ ಗುಂಪು. ಹಿಡಿದ ನೀರನ್ನು ಗಿಡಕ್ಕೆ ಹಾಕಲು ಮೊದಲೇ ಒಂದು ಬಕೆಟ್ ಇಟ್ಟಿರಬೇಕು. ನೀರು ಉಳಿಸುವ ಪಾಠದಲ್ಲಿ ಅಳೆದ ನೀರನ್ನು ಚರಂಡಿಗೆ ಚೆಲ್ಲುವುದನ್ನು ಮಕ್ಕಳು ಗಮನಿಸದೆ ಇರುವುದಿಲ್ಲ.

ಹನಿ ಎಣಿಸಿ ಲೆಕ್ಕ ಹಾಕಿದರೆ ಆಗದೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 1 ಮಿಲಿಗೆ 20 ಹನಿ ಎಂಬ ಲೆಕ್ಕ ಔಷಧಿಯ ಡ್ರಾಪರ್‌ನದು. ನಲ್ಲಿಯ ಬಾಯಿ ಅಗಲವಾದ್ದರಿಂದ ಅದರ ಹನಿ ದಪ್ಪ, ಒಂದು ನಲ್ಲಿಯ ಹನಿಯಂತೆ ಇನ್ನೊಂದರದು ಇರುವುದೂ ಇಲ್ಲ. ಇದನ್ನು ನಾನು ಹೇಳಿಬಿಡುವುದಿಲ್ಲ. 100 ಹನಿ ಎಣಿಸಿ ಅದೇ ನೀರನ್ನು ಜಾರ್‌ಗೆ ಸುರಿಯಿರಿ ಎನ್ನುತ್ತೇನೆ. 20 ಹನಿಯ ಲೆಕ್ಕದಲ್ಲಿ 5 ಮಿಲಿ ಇರಬೇಕು. ಜಾರ್ ಹೆಚ್ಚು ತೋರಿಸುತ್ತದೆ.

ಈಗ ಗಣಿತ. ಒಂದು ನಲ್ಲಿಯಲ್ಲಿ 5 ನಿಮಿಷಕ್ಕೆ 60, 58, 65 ಮಿಲಿ ಬಂತು ಎಂದುಕೊಳ್ಳಿ. ಸರಾಸರಿ 61 ಮಿಲಿ, ನಿಮಿಷಕ್ಕೆ 12.2 ಮಿಲಿ. ದಿನಕ್ಕೆ 1,440 ನಿಮಿಷ. ಗುಣಿಸಿದರೆ 17,568 ಮಿಲಿ, ಅಂದರೆ 17.568 ಲೀಟರ್. ಮಕ್ಕಳು ಎಡವುವ ಜಾಗ ಎರಡು. 5ರಿಂದ ಭಾಗಿಸುವುದನ್ನು ಮರೆತರೆ ಸುಮಾರು 88 ಲೀಟರ್ ಬರುತ್ತದೆ. 1,000ದ ಬದಲು 100ರಿಂದ ಭಾಗಿಸಿದರೆ ಸುಮಾರು 176 ಲೀಟರ್. ಇದನ್ನು ಕೆಂಪು ಪೆನ್ನಿನಿಂದ ತಿದ್ದುವುದಿಲ್ಲ. ‘ಇದು ಎಷ್ಟು ಬಕೆಟ್? ಆ ಹನಿಗೆ ಅಷ್ಟು ತುಂಬಿಸುವ ಶಕ್ತಿ ಇದೆಯೇ? ಹೋಗಿ ನೋಡಿ ಬಾ’ ಎನ್ನುತ್ತೇನೆ. ಉತ್ತರವನ್ನು ವಸ್ತುವಿನ ಎದುರು ಇಟ್ಟು ಪರೀಕ್ಷಿಸುವ ಈ ಅಭ್ಯಾಸಕ್ಕಾಗಿಯೇ ನಾನು ಇಷ್ಟೆಲ್ಲ ಹೊತ್ತು ಕೊಡುವುದು. ಪುಸ್ತಕದ ಲೆಕ್ಕದಲ್ಲಿ ಎದ್ದು ಹೋಗಿ ನೋಡಲು ನಲ್ಲಿಯೇ ಇರುವುದಿಲ್ಲ.

ಇನ್ನೊಂದು ಸೂಕ್ಷ್ಮ ಇಲ್ಲೇ ಇದೆ. ಕಡಿಮೆ ಅಳತೆ 58ನ್ನು ಹಿಡಿದರೆ ದಿನಕ್ಕೆ 16.7 ಲೀಟರ್, ಹೆಚ್ಚಿನದು 65ನ್ನು ಹಿಡಿದರೆ 18.7. ಅಷ್ಟು ಅಂತರವಿರುವಾಗ 17.568 ಎಂದು ಬರೆಯುವುದು ಸುಳ್ಳು ನಿಖರತೆ. ‘ಸುಮಾರು 17ರಿಂದ 19 ಲೀಟರ್’ ಎಂದು ಬರೆಯುವುದೇ ಪ್ರಾಮಾಣಿಕ. ದಶಮಾಂಶ ಎಲ್ಲಿಗೆ ನಿಲ್ಲಬೇಕು ಎಂಬುದು ಮಕ್ಕಳಿಗೆ ನಿಯಮವಾಗಿ ಬಾಯಿಪಾಠ ಇರುತ್ತದೆ. ಕಾರಣ ತಿಳಿಯುವುದು ತಾವೇ ಅಳೆದ ಮೂರು ಸಂಖ್ಯೆ ಬೇರೆ ಬೇರೆ ಬಂದಾಗ.

ಬೆಳಿಗ್ಗೆ ಅಳೆದ ಗುಂಪಿಗೂ ಮಧ್ಯಾಹ್ನ ಅಳೆದ ಗುಂಪಿಗೂ ಅದೇ ನಲ್ಲಿಯಲ್ಲಿ ಬೇರೆ ಸಂಖ್ಯೆ ಬಂದರೆ ಗಾಬರಿ ಬೇಡ. ಮೇಲಿನ ಟ್ಯಾಂಕ್ ತುಂಬಿದ್ದಾಗ ಒತ್ತಡ ಹೆಚ್ಚು, ನೀರು ಇಳಿದಂತೆ ಒತ್ತಡವೂ ಇಳಿಯುತ್ತದೆ. ನಲ್ಲಿಯನ್ನು ಯಾರು ಎಷ್ಟು ಬಿಗಿಯಾಗಿ ತಿರುಗಿಸಿ ಹೋದರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಪ್ರತಿ ಅಳತೆಯ ಪಕ್ಕ ಸಮಯ ಬರೆಯಲೇಬೇಕು, ವರದಿಯಲ್ಲಿ ‘ದಿನವಿಡೀ ಇದೇ ವೇಗದಲ್ಲಿ ಸೋರುತ್ತದೆ ಎಂದು ಇಟ್ಟುಕೊಂಡಿದ್ದೇವೆ’ ಎಂಬ ಸಾಲು ಇರಲೇಬೇಕು.

ವರದಿಗೆ ಎರಡು ಪೀರಿಯಡ್ಡು. ಮೊದಲ ಕಚ್ಚಾ ಪ್ರತಿಯನ್ನು ಬೇರೆ ಗುಂಪಿಗೆ ಕೊಟ್ಟು ಒಂದೇ ಪ್ರಶ್ನೆ ಕೇಳಿಸುತ್ತೇನೆ: ‘ಇದನ್ನು ಓದಿ ಯಾವ ನಲ್ಲಿ ಮೊದಲು ಎಂದು ಹೇಳಬಲ್ಲಿರಾ?’ ಹೇಳಲಾಗದಿದ್ದರೆ ವರದಿ ವಾಪಸ್. ಬಣ್ಣಬಣ್ಣದ ಚಾರ್ಟ್, ಹೂವಿನ ಅಂಚು ನಾನು ಬಿಡುವುದಿಲ್ಲ. ಚಾರ್ಟ್ ಅಂದ ಕೂಡಲೇ ಅರ್ಧ ಸಮಯ ಸ್ಕೆಚ್ ಪೆನ್ನಿಗೆ ಹೋಗುತ್ತದೆ, ಮನೆಗೆ ಕಳಿಸಿದರೆ ಹಿರಿಯರು ಮಾಡಿಕೊಡುತ್ತಾರೆ. ಎಲ್ಲವೂ ತರಗತಿಯಲ್ಲೇ, ಒಂದೇ ಪುಟದಲ್ಲಿ.

ಅಂಕದ ವಿಷಯದಲ್ಲಿ ನಾನು ಬಿಗಿ. ಗುಂಪಿನ ವರದಿಗೆ ಅಂಕವಿಲ್ಲ, ಅದಕ್ಕೆ ಸಿಗುವುದು ಓದುಗರ ತೀರ್ಮಾನ. ಅಂಕ ಕೊಡುವುದು ಕೊನೆಗೆ ಪ್ರತಿ ಮಗು ಒಬ್ಬೊಬ್ಬರೇ ಕೂತು ಬರೆಯುವ ಪುಟಕ್ಕೆ. ತಾವು ನೋಡಿರದ ಒಂದು ನಲ್ಲಿಯ ಮೂರು ಅಳತೆಗಳನ್ನು ಕೊಡುತ್ತೇನೆ. ದಿನದ ಸೋರಿಕೆ ಎಷ್ಟು, ಈ ಉತ್ತರವನ್ನು ಎಷ್ಟು ನಂಬಬಹುದು, ಯಾಕೆ. ಇಪ್ಪತ್ತು ನಿಮಿಷ ಸಾಕು. ಇದನ್ನು ಬಿಟ್ಟರೆ ತರಗತಿಯಿಡೀ ಲವಲವಿಕೆಯಿಂದ ಕಂಡರೂ ಭಾಗಾಕಾರ ಬರುವುದು ಗುಂಪಿಗೆ ಒಬ್ಬರಿಗೆ ಮಾತ್ರ ಎಂಬುದು ತಿಳಿಯುವುದೇ ಇಲ್ಲ.

ಭಾಷಾ ಪಾಠಕ್ಕೂ ಇದೇ ಕ್ರಮ ನಡೆಯುತ್ತದೆ. ಹೊಸದಾಗಿ ಸೇರಿದ ಪುಟ್ಟ ಮಕ್ಕಳಿಗೆ ಗ್ರಂಥಾಲಯದಿಂದ ಪುಸ್ತಕ ಪಡೆಯುವ, ಹಿಂದಿರುಗಿಸುವ ಸೂಚನೆ ಬರೆಯಿರಿ ಎನ್ನುವುದು. ಪರೀಕ್ಷೆ ಮಾಡುವುದು ಆ ಪುಟ್ಟ ಮಗು. ಬರೆದವರು ಬಾಯಿ ಬಿಡುವಂತಿಲ್ಲ, ಮಗು ಓದಿದ್ದನ್ನಷ್ಟೇ ಮಾಡಬೇಕು. ‘ಪುಸ್ತಕವನ್ನು ಅದರ ಜಾಗದಲ್ಲಿಡಿ’ ಎಂಬ ಸಾಲಿಗೆ ಬಂದಾಗ ಮಗು ಪುಸ್ತಕ ಹಿಡಿದು ಕಪಾಟುಗಳ ನಡುವೆ ನಿಂತುಬಿಡುತ್ತದೆ. ಬರೆದವರಿಗೆ ಗೊತ್ತಿದ್ದ ‘ಜಾಗ’ ಆ ಮಗುವಿಗೆ ಗೊತ್ತಿಲ್ಲ. ಸಾಲು ‘ಬೆನ್ನಿನ ಮೇಲಿರುವ ಬಣ್ಣದ ಪಟ್ಟಿ ನೋಡಿ, ಅದೇ ಬಣ್ಣದ ಕಪಾಟಿನಲ್ಲಿಡಿ’ ಎಂದು ಬದಲಾಗುತ್ತದೆ.

ಇಂಥ ಕೆಲಸ ಒಂದು ಅವಧಿಗೆ ಒಂದೇ ಸಾಕು. ಪ್ರತಿ ಪಾಠಕ್ಕೂ ಹುಡುಕಲು ಹೊರಟರೆ ಸುಳ್ಳು ಕೆಲಸಗಳು ಹುಟ್ಟಿಕೊಳ್ಳುತ್ತವೆ. ಅಭ್ಯಾಸದ ಲೆಕ್ಕಗಳನ್ನು ಕೈಬಿಡುವಂತೆಯೂ ಇಲ್ಲ. ದಶಮಾಂಶದ ಭಾಗಾಕಾರ ಕೈಗೆ ಕೂತಿರದ ಮಗು ನಲ್ಲಿಯ ಬಳಿ ಕಲಿಯುವುದು ಕಡಿಮೆ, ಆದ್ದರಿಂದ ಅಳತೆಗೆ ಮುಂಚಿನ ವಾರ ಆ ಲೆಕ್ಕಗಳನ್ನೇ ಮಾಡಿಸುತ್ತೇನೆ.

ಕಚ್ಚಾ ಅಳತೆಯ ಹಾಳೆಗಳನ್ನು ಎಸೆಯಬೇಡಿ. ನಲ್ಲಿಗೆ ಒಂದು ಸಂಖ್ಯೆ, ದಿನಾಂಕ, ಸಮಯ, ಟ್ಯಾಂಕ್ ತುಂಬಿತ್ತೋ ಇಲ್ಲವೋ ಎಂಬ ಗುರುತು ಇಷ್ಟಿದ್ದರೆ ರಿಪೇರಿಯ ನಂತರ ಅದೇ ಜಾರ್‌ನಲ್ಲಿ, ಅದೇ ಹೊತ್ತಿಗೆ ಮತ್ತೆ ಅಳೆಯಬಹುದು. ವಾಷರ್ ಬದಲಿಸಿದ ನಲ್ಲಿ ಕೆಲವು ತಿಂಗಳಲ್ಲಿ ಮತ್ತೆ ಸೋರತೊಡಗಿದರೆ, ವಾಷರ್ ಕೂರುವ ಲೋಹದ ಅಂಚೇ ಸವೆದಿದೆಯೇ ಎಂದು ಪ್ಲಂಬರ್‌ಗೆ ಕೇಳುವ ಪ್ರಶ್ನೆ ಮುಂದಿನ ತಂಡಕ್ಕೆ ಸಿದ್ಧವಾಗಿರುತ್ತದೆ.