ಕ್ರಿಸ್ತನು ಪೂರ್ಣ ದೇವರು, ಪೂರ್ಣ ಮನುಷ್ಯ: ನಾಲ್ಕು ತರಗತಿಗಳಲ್ಲಿ ಕಲಿಸುವ ಬಗೆ

ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿರುವ ಹಿರಿಯರಿಗೆ, ದೃಢೀಕರಣದ ತರಗತಿಯ ಮಕ್ಕಳಿಗೆ, ಬೈಬಲ್ ಅಧ್ಯಯನದ ಗುಂಪಿಗೆ ಪಾಠ ಹೇಳುವವರು ಈ ವಿಷಯ ಬಂದಾಗ ಹೆಚ್ಚಾಗಿ ಎರಡರಲ್ಲಿ ಒಂದನ್ನು ಮಾಡುತ್ತಾರೆ. "ಇದು ರಹಸ್ಯ, ನಂಬಬೇಕು ಅಷ್ಟೆ" ಎಂದು ದಾಟಿಹೋಗುತ್ತಾರೆ, ಇಲ್ಲವೇ ಒಂದು ಹೋಲಿಕೆ ಕೊಟ್ಟು ಮುಗಿಸುತ್ತಾರೆ. ರಹಸ್ಯ ಹೌದು. ಆದರೆ ಅದರ ಬಗ್ಗೆ ಸಭೆ ಆಡಿರುವ ಮಾತು ಅಳೆದು ತೂಗಿದ ಮಾತು, ಅದನ್ನು ಕಲಿಯಬಹುದು, ಕಲಿಸಲೂಬಹುದು. ತಲಾ ಒಂದು ಗಂಟೆಯ ನಾಲ್ಕು ತರಗತಿ ಸಾಕು. ಗುಂಪಿನಲ್ಲಿ 8ರಿಂದ 12 ಜನರಿದ್ದರೆ ಒಳ್ಳೆಯದು.

ಇಡೀ ಪಾಠ ನಿಂತಿರುವುದು ಎರಡು ಪ್ರಶ್ನೆಗಳ ಮೇಲೆ: "ಯಾರು?" ಮತ್ತು "ಏನು?" ಯೇಸು ಯಾರು ಎಂದರೆ ಉತ್ತರ ಒಂದೇ: ದೇವರ ಮಗ, ಒಬ್ಬನೇ ವ್ಯಕ್ತಿ. ಆತನು ಏನು ಎಂದರೆ ಉತ್ತರ ಎರಡು: ದೇವರು, ಮನುಷ್ಯ. ವ್ಯಕ್ತಿ ಒಬ್ಬ, ಸ್ವಭಾವ ಎರಡು ಎಂಬುದರ ಅರ್ಥ ಇಷ್ಟೇ. ಇತಿಹಾಸದಲ್ಲಿ ಎದ್ದ ತಪ್ಪುಗಳೆಲ್ಲ ಈ ಎರಡು ಪ್ರಶ್ನೆಗಳಲ್ಲಿ ಒಂದಕ್ಕೆ ಕೊಟ್ಟ ತಪ್ಪು ಉತ್ತರಗಳು. ಮೊದಲ ದಿನವೇ ಇವನ್ನು ಹಲಗೆಯ ಮೇಲೆ ಬರೆದು ನಾಲ್ಕು ತರಗತಿ ಮುಗಿಯುವವರೆಗೂ ಅಳಿಸದೆ ಬಿಡಿ.

ಮೊದಲ ತರಗತಿ: ಹದಿನಾಲ್ಕು ಚೀಟಿ

ವ್ಯಾಖ್ಯೆಯಿಂದ ಶುರುಮಾಡಬೇಡಿ, ಬೈಬಲ್ ವಾಕ್ಯದಿಂದ ಶುರುಮಾಡಿ. 14 ಚೀಟಿಗಳ ಮೇಲೆ ವಚನದ ಸಂಖ್ಯೆ ಮಾತ್ರ ಬರೆದು, ಕಲಸಿ, ಇಬ್ಬಿಬ್ಬರಿಗೆ ಎರಡರಿಂದ ನಾಲ್ಕು ಹಂಚಿ. ಏಳು ಇವು: ಲೂಕ 2:52 (ಬೆಳೆದದ್ದು), ಯೋಹಾನ 4:6 (ದಣಿದು ಬಾವಿಯ ಬಳಿ ಕುಳಿತದ್ದು), ಯೋಹಾನ 11:35 (ಅತ್ತದ್ದು), ಯೋಹಾನ 19:28 (ಬಾಯಾರಿದ್ದು), ಮಾರ್ಕ 4:38 (ದೋಣಿಯಲ್ಲಿ ನಿದ್ದೆ), ಮತ್ತಾಯ 26:38 (ಗೆತ್ಸೇಮನೆಯ ದುಃಖ), ಇಬ್ರಿಯ 4:15 (ಶೋಧನೆಗೆ ಒಳಗಾಗಿಯೂ ಪಾಪವಿಲ್ಲದಿದ್ದದ್ದು). ಇನ್ನೇಳು: ಯೋಹಾನ 1:1, ಯೋಹಾನ 8:58, ಯೋಹಾನ 20:28, ಮಾರ್ಕ 2:5-7, ಮಾರ್ಕ 4:41, ಕೊಲೊಸ್ಸೆ 2:9, ಇಬ್ರಿಯ 1:3.

ಓದಲು ಇಪ್ಪತ್ತೈದು ನಿಮಿಷ ಕೊಡಿ. ಆಮೇಲೆ ಒಂದು ಸಾಲಿನಲ್ಲಿ ಮನುಷ್ಯನಿಗೆ ಸಲ್ಲುವ ಮಾತು, ಇನ್ನೊಂದರಲ್ಲಿ ದೇವರಿಗೆ ಮಾತ್ರ ಸಲ್ಲುವ ಮಾತು ಬರುವಂತೆ ಮೇಜಿನ ಮೇಲೆ ಜೋಡಿಸಲಿ. ಕೊಲೊಸ್ಸೆ 2:9ನ್ನು ಎಲ್ಲಿಡಬೇಕೆಂದು ತಕರಾರು ಏಳುತ್ತದೆ, ಏಳಲಿ. ದೈವತ್ವದ ಪೂರ್ಣತೆ ದೇಹದಲ್ಲೇ ನೆಲೆಸಿದೆ ಎನ್ನುವ ಆ ವಚನ ಒಂದು ಸಾಲಿನಲ್ಲಿ ಹಿಡಿಸುವುದಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ಪಾಠ ಕೆಡುತ್ತದೆ. ಎರಡು ಸಾಲು ನೋಡಿದ ಕಣ್ಣಿಗೆ ಇಬ್ಬರು ಕಾಣುತ್ತಾರೆ: ಅಳುವ ಯೇಸು ಒಬ್ಬ, ಎಬ್ಬಿಸುವ ಯೇಸು ಇನ್ನೊಬ್ಬ. ಆದ್ದರಿಂದ ತರಗತಿ ಮುಗಿಯುವ ಮೊದಲು ಒಂದು ದೊಡ್ಡ ಚೀಟಿಯ ಮೇಲೆ "ಯೇಸು" ಎಂದು ಬರೆದು ಎರಡೂ ಸಾಲುಗಳ ನೆತ್ತಿಗೆ ಅಡ್ಡಲಾಗಿ ಇಡಿ. ನಂತರ ಮಾರ್ಕ 4:38 ಮತ್ತು 4:41ನ್ನು ಒಟ್ಟಿಗೆ ಗಟ್ಟಿಯಾಗಿ ಓದಿಸಿ. ಅದೇ ದೋಣಿ, ಅದೇ ಬಿರುಗಾಳಿ. ತಲೆದಿಂಬಿಗೆ ಒರಗಿ ನಿದ್ದೆಹೋಗಿದ್ದವನೇ ಎದ್ದು ಗಾಳಿಯನ್ನು ಗದರಿಸಿದವನು. ಯೋಹಾನ 11:35ನ್ನೂ 11:43ನ್ನೂ (ಸತ್ತ ಲಾಜರನನ್ನು ಎಬ್ಬಿಸಿದ್ದು) ಹೀಗೆಯೇ ಓದಿಸಿ.

ಎರಡನೆಯ ತರಗತಿ: ಯಾರು, ಏನು

ನಾಲ್ಕರಲ್ಲಿ ಕಠಿಣವಾದದ್ದು ಇದು, ಪೂರ್ತಿ ಗಂಟೆ ಬೇಕು. ನಿಯಮ ಹೀಗಿದೆ: ಎರಡು ಸ್ವಭಾವಗಳಲ್ಲಿ ಯಾವುದಕ್ಕೆ ಸಲ್ಲುವ ಮಾತನ್ನಾದರೂ ಆ ಒಬ್ಬ ವ್ಯಕ್ತಿಯ ಬಗ್ಗೆ ಹೇಳಬಹುದು, ಒಂದು ಸ್ವಭಾವದ ಗುಣವನ್ನು ಇನ್ನೊಂದು ಸ್ವಭಾವಕ್ಕೆ ಅಂಟಿಸಬಾರದು. ನಿಯಮವನ್ನು ಬಾಯಿಪಾಠ ಮಾಡಿಸಿ ಫಲವಿಲ್ಲ. ಕೆಳಗಿನ ವಾಕ್ಯಗಳನ್ನು ಒಂದೊಂದಾಗಿ ಹಲಗೆಗೆ ಬರೆದು, ಸರಿಯೋ ತಪ್ಪೋ ಎಂದು ಕೇಳಿ, ಕಾರಣ ಹೇಳಿಸಿ.

"ದೇವರ ಮಗನು ಶಿಲುಬೆಯ ಮೇಲೆ ಸತ್ತನು." ಸರಿ. ಯಾರು ಸತ್ತದ್ದು? ದೇವರ ಮಗನೇ. ಯಾವುದರಲ್ಲಿ ಸತ್ತದ್ದು? ತಾನು ತನ್ನದಾಗಿಸಿಕೊಂಡ ಮನುಷ್ಯಸ್ವಭಾವದಲ್ಲಿ.

"ದೈವಸ್ವಭಾವ ಸತ್ತಿತು." ತಪ್ಪು. ದೈವತ್ವಕ್ಕೆ ಸಾವಿಲ್ಲ.

"ಮರಿಯಳ ಮಗನು ಲೋಕವನ್ನು ಸೃಷ್ಟಿಸಿದನು." ಸರಿ. ಹೆಚ್ಚಿನವರು ಎಡವುವುದು ಇಲ್ಲಿ. ಸೃಷ್ಟಿಯ ಸಮಯದಲ್ಲಿ ಆತನು ಇನ್ನೂ ಮರಿಯಳ ಮಗನಾಗಿರಲಿಲ್ಲವಲ್ಲ ಎನ್ನುತ್ತಾರೆ. ಹೌದು, ಆದರೆ ಮುಂದೆ ಮರಿಯಳಲ್ಲಿ ಹುಟ್ಟಿದವನು ಯಾರೋ, ಸೃಷ್ಟಿಸಿದವನೂ ಆತನೇ.

"ಯೇಸುವಿನ ಮನುಷ್ಯಸ್ವಭಾವ ಲೋಕವನ್ನು ಸೃಷ್ಟಿಸಿತು." ತಪ್ಪು. ಅದೇ ಸೃಷ್ಟಿಯಾದದ್ದು.

"ಯೇಸುವಿನ ಒಳಗಿದ್ದ ದೇವರು ಅದ್ಭುತ ಮಾಡಿದರು, ಯೇಸು ಎಂಬ ಮನುಷ್ಯ ಅತ್ತನು." ತಪ್ಪು, ಮತ್ತು ಬಹಳ ಸಲೀಸಾಗಿ ಬಾಯಿಗೆ ಬರುವ ತಪ್ಪು. ಇಲ್ಲಿ "ಯಾರು?" ಎಂದು ಕೇಳಿದರೆ ಇಬ್ಬರು ಸಿಗುತ್ತಾರೆ.

ಮರಿಯಳನ್ನು ದೇವಮಾತೆ ಎನ್ನಬಹುದೇ ಎಂಬ ಪ್ರಶ್ನೆ ಈ ಹಂತದಲ್ಲಿ ಬಂದೇ ಬರುತ್ತದೆ. ತಾಯಿ ಹೆರುವುದು ಒಬ್ಬ ವ್ಯಕ್ತಿಯನ್ನು, ಬರೀ ಸ್ವಭಾವವನ್ನಲ್ಲ. ಆಕೆ ಯಾರನ್ನು ಹೆತ್ತಳು ಎಂದು ಕೇಳಿಸಿ, ಉತ್ತರ ಅವರ ಬಾಯಲ್ಲೇ ಬರಲಿ. ಆ ಬಿರುದು ದೈವತ್ವ ಮರಿಯಳಿಂದ ಶುರುವಾಯಿತು ಎಂದು ಹೇಳುತ್ತಿಲ್ಲ, ಆಕೆಯ ಮಡಿಲಲ್ಲಿದ್ದ ಕೂಸು ಯಾರು ಎಂದು ಹೇಳುತ್ತಿದೆ.

ಕನ್ನಡದಲ್ಲಿ ಕಲಿಸುವಾಗ ಜಾರುವ ಪದಗಳು

ನಮ್ಮ ಭಾಷೆಯ ಕೆಲವು ಒಳ್ಳೆಯ ಪದಗಳೇ ಇಲ್ಲಿ ಕಾಲೆಳೆಯುತ್ತವೆ. "ನರಾವತಾರ" ಸಭೆಯ ಬಳಕೆಯಲ್ಲಿ ಬೇರೂರಿದ ಮಾತು, ಬಿಡಬೇಕಿಲ್ಲ. ಆದರೆ ಅವತಾರ ಎಂದಾಗ ಕೇಳುವವರ ಮನಸ್ಸಿಗೆ ಬರುವುದು ಮತ್ತೆ ಮತ್ತೆ ಇಳಿದು ಬರುವುದು, ಕೆಲಸ ಮುಗಿದ ಮೇಲೆ ಆ ರೂಪವನ್ನು ಬಿಡುವುದು. ಕ್ರೈಸ್ತ ವಿಶ್ವಾಸದಲ್ಲಿ ಅದು ಒಂದೇ ಸಲ ಆದದ್ದು, ಮತ್ತು ಮಗನು ಮನುಷ್ಯತ್ವವನ್ನು ಕಳಚಿಟ್ಟಿಲ್ಲ. ಎದ್ದುಬಂದ ಯೇಸು ಕೈಕಾಲು ತೋರಿಸಿ ಮೀನು ತಿಂದದ್ದನ್ನು (ಲೂಕ 24:39-43) ಓದಿಸಿ. ದೇವರಿಗೂ ಮನುಷ್ಯರಿಗೂ ನಡುವೆ ಇರುವ ಮಧ್ಯಸ್ಥನನ್ನು 1 ತಿಮೊಥೆ 2:5 ಪುನರುತ್ಥಾನದ ನಂತರವೂ ಮನುಷ್ಯನೆಂದೇ ಕರೆಯುತ್ತದೆ.

"ಮನುಷ್ಯ ರೂಪ ತಾಳಿದನು" ಎಂದಷ್ಟೇ ಹೇಳಿದರೆ ವೇಷದ ನೆರಳು ಬೀಳುತ್ತದೆ. ಫಿಲಿಪ್ಪಿ 2:7ರಲ್ಲಿ ದಾಸನ ರೂಪ ಎಂದಿದೆಯಲ್ಲ ಎಂದು ಯಾರಾದರೂ ಕೇಳಿದರೆ, ಹಿಂದಿನ ವಚನವನ್ನು ತೋರಿಸಿ. ದೇವರ ವಿಷಯದಲ್ಲೂ ದಾಸನ ವಿಷಯದಲ್ಲೂ ಗ್ರೀಕ್ ಮೂಲದಲ್ಲಿರುವುದು "ಮಾರ್ಫೆ" ಎಂಬ ಒಂದೇ ಪದ. ಒಂದು ನಿಜವಾದರೆ ಇನ್ನೊಂದೂ ನಿಜ.

"ದೇಹ ಧರಿಸಿದನು" ಎಂಬುದು ಇನ್ನೂ ಸೂಕ್ಷ್ಮವಾದ ಜಾರು. ಅಂಗಿ ತೊಟ್ಟಂತೆ ದೇಹ ತೊಟ್ಟ, ಒಳಗೆ ಮನುಷ್ಯನ ಮನಸ್ಸು ಇರಲಿಲ್ಲ ಎನ್ನುವಂತೆ ಕೇಳಿಸುತ್ತದೆ. ನೈಸಿಯಾದ ವಿಶ್ವಾಸಪ್ರಮಾಣ "ದೇಹಧಾರಿಯಾದನು" ಎನ್ನುವುದಕ್ಕೆ ನಿಲ್ಲದೆ "ಮನುಷ್ಯನಾದನು" ಎಂದೂ ಸೇರಿಸಿತು. ನೀವೂ "ಮನುಷ್ಯನಾದನು" ಎಂಬ ಕ್ರಿಯಾಪದವನ್ನೇ ರೂಢಿಮಾಡಿಕೊಳ್ಳಿ.

ಇನ್ನೊಂದು ಸರ್ವನಾಮದ ಮಾತು. ಯೇಸುವನ್ನು "ಆತನು" ಎನ್ನಿ, "ಅವರು" ಎನ್ನಿ, ನಿಮ್ಮ ಸಭೆಯ ವಾಡಿಕೆಯಂತೆ. ಆದರೆ ಅದ್ಭುತ ಮಾಡುವಾಗ "ಅವರು", ಹಸಿದಾಗ "ಅವನು" ಎಂದು ಬದಲಾಯಿಸಬೇಡಿ. ಪಾಠ ಹೇಳುವವರಿಗೆ ಅರಿವಿಲ್ಲದೆಯೇ ಇದು ನಡೆದುಹೋಗುತ್ತದೆ, ಕೇಳುವವರ ಮನಸ್ಸಿನಲ್ಲಿ ಒಬ್ಬನು ಇಬ್ಬರಾಗಿರುತ್ತಾರೆ.

ಮೂರನೆಯ ತರಗತಿ: ನಾಲ್ಕು ತಪ್ಪು, ನಾಲ್ಕು ಪದ

ಹೆಸರು ಮತ್ತು ಇಸವಿಗಳ ರಾಶಿ ಸುರಿಯಬೇಡಿ. ಪ್ರತಿ ತಪ್ಪನ್ನೂ ಅದು ಯಾವ ಒಳ್ಳೆಯ ಉದ್ದೇಶದಿಂದ ಹುಟ್ಟಿತು ಎಂಬಲ್ಲಿಂದ ಹೇಳಿ, ಆಗ ಕೇಳುವವರು ತಮ್ಮ ಯೋಚನೆಯನ್ನೇ ಅದರಲ್ಲಿ ಗುರುತಿಸುತ್ತಾರೆ.

ಅಲೆಕ್ಸಾಂಡ್ರಿಯಾದ ಆರಿಯಸ್ ದೇವರು ಒಬ್ಬರೇ ಎಂಬುದನ್ನು ಕಾಪಾಡಲು ಹೊರಟು, ಮಗನು ಒಂದೊಮ್ಮೆ ಇರಲಿಲ್ಲ, ಆತನು ಸೃಷ್ಟಿಗಳಲ್ಲಿ ಮೊದಲನೆಯವನು ಎಂದ. 325ರಲ್ಲಿ ನೈಸಿಯಾದ ಮಹಾಸಭೆ ಮಗನು ತಂದೆಯೊಂದಿಗೆ ಒಂದೇ ಸತ್ವದವನು ಎಂದು ಉತ್ತರಿಸಿತು. ಲವೊದಿಕೀಯದ ಅಪೊಲಿನಾರಿಸ್ ನೈಸಿಯಾದ ಪರವಾಗಿಯೇ ಇದ್ದವನು, ಆದರೆ ಯೇಸುವಿನಲ್ಲಿ ಮನುಷ್ಯನ ಮನಸ್ಸಿನ ಜಾಗದಲ್ಲಿ ದೇವರ ವಾಕ್ಯವೇ (ಅಂದರೆ ದೇವರ ಮಗನೇ) ಇತ್ತು ಎಂದ. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಅದನ್ನು ತಳ್ಳಿಹಾಕಿತು. ಕಾನ್‌ಸ್ಟಾಂಟಿನೋಪಲ್‌ನ ಬಿಷಪ್ ನೆಸ್ಟೋರಿಯಸ್ ದೈವತ್ವಕ್ಕೆ ನೋವು ಸಾವು ತಾಗದಂತೆ ಕಾಯಲು ಹೋಗಿ ದೇವಮಾತೆ ಎಂಬ ಬಿರುದನ್ನು ವಿರೋಧಿಸಿದ, ಕ್ರಿಸ್ತನನ್ನು ಇಬ್ಬರಾಗಿ ಒಡೆದನೆಂಬ ಆರೋಪಕ್ಕೆ ಗುರಿಯಾದ. ಅಲೆಕ್ಸಾಂಡ್ರಿಯಾದ ಸಿರಿಲ್ ಮುಂದಾಳುತನದಲ್ಲಿ 431ರ ಎಫೆಸದ ಸಭೆ ಆತನನ್ನು ಖಂಡಿಸಿತು. ಯೂಟಿಕೀಸ್ ಎಂಬ ಸನ್ಯಾಸಿ ಎದುರು ದಿಕ್ಕಿಗೆ ಓಡಿ, ದೈವತ್ವ ಮನುಷ್ಯತ್ವ ಒಂದಾದ ಮೇಲೆ ಸ್ವಭಾವ ಒಂದೇ ಎಂದುಬಿಟ್ಟ.

451ರಲ್ಲಿ ಕಾಲ್ಸೆಡನ್ ಮಹಾಸಭೆ ಬರೆದ ವ್ಯಾಖ್ಯೆಯ ಜೀವ ನಾಲ್ಕು ಪದಗಳಲ್ಲಿದೆ. ಕನ್ನಡದಲ್ಲಿ ಅವು ನಾಲಿಗೆಗೆ ಚೆನ್ನಾಗಿ ಹತ್ತುತ್ತವೆ: ಬೆರಕೆಯಾಗದೆ, ಬದಲಾಗದೆ, ಭಾಗವಾಗದೆ, ಬೇರ್ಪಡದೆ. ಮೊದಲೆರಡು ಯೂಟಿಕೀಸನ ಕಡೆಯ ಬೇಲಿ, ಕೊನೆಯೆರಡು ನೆಸ್ಟೋರಿಯಸನ ಕಡೆಯ ಬೇಲಿ. ನಾಲ್ಕೂ "ಹೀಗಲ್ಲ" ಎನ್ನುವ ಪದಗಳೇ. ಎರಡು ಸ್ವಭಾವಗಳು ಹೇಗೆ ಕೂಡಿದವು ಎಂದು ಸಭೆ ವಿವರಿಸಲು ಹೋಗಲಿಲ್ಲ, ಎಲ್ಲಿ ಹೆಜ್ಜೆ ಇಡಬಾರದು ಎಂದು ಗುರುತು ಮಾಡಿತು. ಇದನ್ನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳಿ.

ಒಂದು ಎಚ್ಚರ. ಕೊಪ್ಟಿಕ್, ಅರ್ಮೇನಿಯನ್, ಇಥಿಯೋಪಿಯನ್, ಸಿರಿಯನ್ ಆರ್ಥೊಡಾಕ್ಸ್ ಸಭೆಗಳು ಕಾಲ್ಸೆಡನನ್ನು ಒಪ್ಪುವುದಿಲ್ಲ, "ಮನುಷ್ಯನಾದ ವಾಕ್ಯದ ಒಂದೇ ಸ್ವಭಾವ" ಎಂಬ ಸಿರಿಲನ ಮಾತಿಗೆ ನಿಷ್ಠವಾಗಿವೆ. ಆದರೆ ಅವೂ ಯೂಟಿಕೀಸನನ್ನು ತಿರಸ್ಕರಿಸುತ್ತವೆ, ಕ್ರಿಸ್ತನ ಪೂರ್ಣ ಮನುಷ್ಯತ್ವವನ್ನು ಅರಿಕೆಮಾಡುತ್ತವೆ. ಅವರನ್ನು ಯೂಟಿಕೀಸನ ಸಾಲಿಗೆ ಸೇರಿಸುವುದು ಅನ್ಯಾಯ.

ನಾಲ್ಕನೆಯ ತರಗತಿ: ಇದರಿಂದ ನಮಗೇನು, ಮತ್ತು ತೊಡಕಿನ ವಚನಗಳು

ಇಬ್ರಿಯ 2:14-17 ಓದಿಸಿ. ರಕ್ಷಕನು ದೇವರಲ್ಲದಿದ್ದರೆ ಆತನಿಗೇ ರಕ್ಷಣೆ ಬೇಕಾದೀತು; ಮನುಷ್ಯನಲ್ಲದಿದ್ದರೆ ನಮ್ಮ ಸಾವು ಆತನಿಗೆ ತಾಗಲೇ ಇಲ್ಲ. ಅಪೊಲಿನಾರಿಸನಿಗೆ ಉತ್ತರವಾಗಿ ನಾಜಿಯಾಂಜಸ್‌ನ ಗ್ರೆಗೊರಿ ಹೇಳಿದ್ದು ಇದನ್ನೇ: ಕ್ರಿಸ್ತನು ತನ್ನದಾಗಿಸಿಕೊಳ್ಳದೆ ಬಿಟ್ಟದ್ದು ವಾಸಿಯಾಗದೆ ಉಳಿಯುತ್ತದೆ. ಮನುಷ್ಯನ ಮನಸ್ಸಿಗೂ ರೋಗ ಹಿಡಿದಿದೆ ಎಂದು ಬಲ್ಲವರಿಗೆ ಈ ಮಾತು ಎಷ್ಟು ದೊಡ್ಡದೆಂದು ವಿವರಿಸಬೇಕಾಗಿಲ್ಲ.

ತೊಡಕಿನ ವಚನ ಮೂರು ಸಾಕು. ಕೊಲೊಸ್ಸೆ 1:15ರ "ಜ್ಯೇಷ್ಠಪುತ್ರ" ಎಂಬ ಮಾತನ್ನು ಹಿಡಿದು ಮಗನೂ ಸೃಷ್ಟಿಯೇ ಎನ್ನುವವರಿಗೆ ಮುಂದಿನ ವಚನ ಓದಲು ಹೇಳಿ: ಎಲ್ಲವೂ ಆತನಲ್ಲಿ ಸೃಷ್ಟಿಯಾಯಿತು. ಮಾರ್ಕ 13:32, ಆ ದಿನ ಮಗನಿಗೂ ತಿಳಿಯದು ಎಂಬುದು, ನಿಜಕ್ಕೂ ಕಷ್ಟದ್ದು. ಮನುಷ್ಯನ ಅರಿವಿನಲ್ಲಿ ತಿಳಿದಿರಲಿಲ್ಲ ಎಂದು ಕೆಲವು ಪ್ರಾಚೀನ ಗುರುಗಳು, ತಿಳಿಸುವುದು ಆತನ ಕೆಲಸವಾಗಿರಲಿಲ್ಲ ಎಂದು ಇನ್ನು ಕೆಲವರು ವಿವರಿಸಿದ್ದಾರೆ. ಎರಡನ್ನೂ ಮುಂದಿಡಿ, ಅವಸರದಿಂದ ಮುಚ್ಚಬೇಡಿ. ಲೂಕ 22:42ರ "ನನ್ನ ಚಿತ್ತವಲ್ಲ, ನಿನ್ನ ಚಿತ್ತ" ಎಂಬುದು ಮನುಷ್ಯಚಿತ್ತ ತಂದೆಗೆ ತಾನಾಗಿ ಒಪ್ಪಿಸಿಕೊಂಡ ಗಳಿಗೆ. ಕ್ರಿಸ್ತನಿಗೆ ದೈವಚಿತ್ತದ ಜೊತೆ ಮನುಷ್ಯಚಿತ್ತವೂ ಇತ್ತು ಎಂದು 680-81ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಹೇಳಿತು. ಅದಕ್ಕೂ ಮೊದಲೇ ಈ ಮಾತನ್ನು ಬಿಟ್ಟುಕೊಡದ ಮ್ಯಾಕ್ಸಿಮಸ್ ಎಂಬ ಸನ್ಯಾಸಿ ನಾಲಿಗೆಯನ್ನೂ ಬಲಗೈಯನ್ನೂ ಕಳೆದುಕೊಂಡು 662ರಲ್ಲಿ ಗಡಿಪಾರಿನಲ್ಲೇ ಸತ್ತನು.

ಹೋಲಿಕೆ ಕೊಡಲೇಬೇಕೆ? ಹಾಲು ನೀರು ಬೇಡ, ಅದು ಬೆರಕೆ. ಅರ್ಧ ದೇವರು ಅರ್ಧ ಮನುಷ್ಯ ಎಂಬುದಂತೂ ಎರಡೂ ಅಲ್ಲದ ಮೂರನೆಯದು. ಕೆಂಪಗೆ ಕಾದ ಕಬ್ಬಿಣ ಹಳೆಯ ಹೋಲಿಕೆ, ಕಬ್ಬಿಣ ಕಬ್ಬಿಣವಾಗಿಯೇ ಇದ್ದು ಬೆಂಕಿಯಂತೆ ಸುಡುತ್ತದೆ. ಆತ್ಮ ಮತ್ತು ದೇಹ ಸೇರಿ ಒಬ್ಬ ಮನುಷ್ಯ ಎಂಬುದೂ ಹಳೆಯದೇ. ಯಾವುದನ್ನು ಬಳಸಿದರೂ ಅದು ಎಲ್ಲಿ ಮುರಿಯುತ್ತದೆ ಎಂದು ಅದೇ ಉಸಿರಿನಲ್ಲಿ ಹೇಳಿ: ಆತ್ಮವೂ ದೇಹವೂ ಒಂದು ಮನುಷ್ಯಸ್ವಭಾವದ ಭಾಗಗಳು, ಕ್ರಿಸ್ತನ ದೈವತ್ವವಾಗಲಿ ಮನುಷ್ಯತ್ವವಾಗಲಿ ಯಾವುದರ ಭಾಗವೂ ಅಲ್ಲ.

ಕೊನೆಯ ಹದಿನೈದು ನಿಮಿಷ ಪರೀಕ್ಷೆಗಿಡಿ. "ಶಿಲುಬೆಯ ಮೇಲೆ ಏನಾಯಿತು?" ಎಂಬುದಕ್ಕೆ ಪ್ರತಿಯೊಬ್ಬರೂ ಪುಸ್ತಕ ಮುಚ್ಚಿ ಮೂರು ವಾಕ್ಯ ಬರೆಯಲಿ. "ಯೇಸುವಿನ ದೇಹ ಮಾತ್ರ ಸತ್ತಿತು, ದೇವರು ಆತನನ್ನು ಬಿಟ್ಟುಹೋಗಿದ್ದರು" ಎಂಬ ಅರ್ಥದ ಉತ್ತರಗಳು ಎರಡು ಮೂರಕ್ಕಿಂತ ಹೆಚ್ಚು ಬಂದರೆ ಎರಡನೆಯ ತರಗತಿ ಸರಿಯಾಗಿ ಇಳಿದಿಲ್ಲ. ಅದನ್ನು ಇನ್ನೊಂದು ದಿನ ಹೊಸ ವಾಕ್ಯಗಳೊಂದಿಗೆ ಮತ್ತೆ ಮಾಡಿ, ಈ ಸಲ 1 ಕೊರಿಂಥ 2:8ರಿಂದ ಶುರುಮಾಡಿ: ಅಲ್ಲಿ ಪೌಲನು ಶಿಲುಬೆಗೆ ಹಾಕಲ್ಪಟ್ಟವನನ್ನು ಮಹಿಮೆಯ ಕರ್ತನೆಂದೇ ಕರೆಯುತ್ತಾನೆ.