ಮಳೆ ಬಂದ ವಾರವೇ ಸಾಯುತ್ತಿದ್ದ 12 ವೋಲ್ಟ್ ಬ್ಯಾಟರಿ: ಹೈಬ್ರಿಡ್ ಎಸ್‌ಯುವಿಯಲ್ಲಿ ನನ್ನ ಅನುಭವ

ನಾಲ್ಕು ದಿನ ನಿಲ್ಲಿಸಿದರೆ ಗಾಡಿ 'ರೆಡಿ' (ಓಡಲು ಸಿದ್ಧ ಎಂದು ಡ್ಯಾಶ್‌ಬೋರ್ಡ್ ತೋರಿಸುವ ಸ್ಥಿತಿ) ಆಗುತ್ತಿರಲಿಲ್ಲ. ರಿಮೋಟ್‌ಗೆ ಬಾಗಿಲೂ ತೆರೆಯದು, ಕೀ ಒಳಗಿನ ಕಬ್ಬಿಣದ ಕೀಲಿಯೇ ಗತಿ. ಜಂಪ್ ಕೊಟ್ಟರೆ ಡ್ಯಾಶ್‌ಬೋರ್ಡ್ ತುಂಬ ದೀಪ: ಹೈಬ್ರಿಡ್ ಸಿಸ್ಟಮ್, ಎಬಿಎಸ್, ಸ್ಟೀರಿಂಗ್, ಒಂದೂ ಬಿಡದೆ. ಮೈಸೂರಿನ ಒಂದು ವರ್ಕ್‌ಶಾಪ್‌ನಲ್ಲಿ ಮೊದಲು ಒಂದು 12 ವೋಲ್ಟ್ ಬ್ಯಾಟರಿ ಹಾಕಿದರು, ಐದಾರು ತಿಂಗಳಿಗೆ ಇನ್ನೊಂದು. ಮೂರನೇ ಸಲ ಹೋದಾಗ ಡಿಸಿ-ಡಿಸಿ ಕನ್ವರ್ಟರ್ (ದೊಡ್ಡ ಹೈವೋಲ್ಟೇಜ್ ಬ್ಯಾಟರಿಯಿಂದ ಈ 12 ವೋಲ್ಟ್ ಬ್ಯಾಟರಿಯನ್ನು ಚಾರ್ಜ್ ಮಾಡುವ ಭಾಗ) ಹೋಗಿದೆ, ಅದು ಇನ್ವರ್ಟರ್ (ಮೋಟಾರಿಗೆ ಕರೆಂಟ್ ಕೊಡುವ ಭಾಗ) ಜೊತೆಗೇ ಬರುತ್ತೆ ಎಂದು ಲಕ್ಷದ ಮೇಲಿನ ಎಸ್ಟಿಮೇಟ್ ಬರೆದರು. ನೀರಿನ ಹಾನಿ ಎಂದಾದರೆ ವಾರಂಟಿಯೂ ಇಲ್ಲ. ಮಳೆ ಬಿದ್ದ ವಾರದಲ್ಲೇ ಹೀಗಾಗುತ್ತೆ, ಮೊದಲು ನೀರು ಹುಡುಕಿ ಎಂದು ನಾನು ಹೇಳಿದ್ದನ್ನು ಅಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಅದೇ ನಿಜವಾಯಿತು. ಹೆಚ್ಚುಕಮ್ಮಿ 4,000 ರೂಪಾಯಿಯಲ್ಲಿ ಕೆಲಸ ಮುಗಿದು ಈಗ ಒಂದು ಪೂರ್ತಿ ಮಳೆಗಾಲ ದಾಟಿದೆ. ಸ್ಟ್ರಾಂಗ್ ಹೈಬ್ರಿಡ್ (ಬರೀ ಮೋಟಾರಿನಿಂದಲೂ ಓಡಬಲ್ಲ ಬಗೆ) ಜೊತೆ ಪನೋರಮಿಕ್ ಸನ್‌ರೂಫ್ ಇರುವ ಯಾವ ಗಾಡಿಯಲ್ಲೂ ಇದು ಆಗಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಕನ್ವರ್ಟರ್ ಸರಿಯಿದೆಯೋ ಇಲ್ಲವೋ ನೋಡಲು ಎರಡು ನಿಮಿಷ ಸಾಕು. ಗಾಡಿ ರೆಡಿಯಲ್ಲಿಟ್ಟು 12 ವೋಲ್ಟ್ ಬ್ಯಾಟರಿಯ ಟರ್ಮಿನಲ್‌ಗೆ ಮೀಟರ್ ಹಿಡಿಯಿರಿ. ನನ್ನದರಲ್ಲಿ 14.1 ವೋಲ್ಟ್ ಬಂತು. ಹೆಡ್‌ಲೈಟ್, ಎಸಿ ಬ್ಲೋವರ್, ಹಿಂದಿನ ಗಾಜಿನ ಡಿಫಾಗರ್ ಮೂರನ್ನೂ ಹಾಕಿದರೂ 13.9ರ ಕೆಳಗೆ ಇಳಿಯಲಿಲ್ಲ. ಹೋದ ಕನ್ವರ್ಟರ್ ಹೀಗೆ ನಿಲ್ಲುವುದಿಲ್ಲ. ಇಲ್ಲಿ ಒಂದು ಮಾತು: ಇಗ್ನಿಷನ್ ಆನ್ ಇದ್ದು ರೆಡಿ ಬರದೆ ಇದ್ದರೆ ಕನ್ವರ್ಟರ್ ಕೆಲಸವನ್ನೇ ಮಾಡುವುದಿಲ್ಲ. ಆ ಸ್ಥಿತಿಯಲ್ಲಿ ಅಳೆದು 12.1 ನೋಡಿ ಚಾರ್ಜ್ ಆಗುತ್ತಿಲ್ಲ ಎಂದವರನ್ನು ನಾನೇ ಕಂಡಿದ್ದೇನೆ. ಕೂತು ಹಾಡು ಕೇಳುವುದಾದರೂ ರೆಡಿಯಲ್ಲೇ ಕೇಳಿ. ಈ ಬ್ಯಾಟರಿ ಎಂಜಿನ್ ತಿರುಗಿಸುವುದಿಲ್ಲ, ಕಂಪ್ಯೂಟರ್‌ಗಳನ್ನು ಎಬ್ಬಿಸಿ ಹೈವೋಲ್ಟೇಜ್ ರಿಲೇ ಮುಚ್ಚಿಸುತ್ತೆ ಅಷ್ಟೆ. ಆದ್ದರಿಂದ ಸಾಯುವ ಮುಂಚೆ ಸೆಲ್ಫ್ ಎಳೆದಾಡುವ ಮುನ್ಸೂಚನೆಯೂ ಸಿಗದು. ನಿನ್ನೆ ಚೆನ್ನಾಗಿತ್ತು, ಇವತ್ತು ಇಲ್ಲ.

ಹಾಗಾದರೆ ಕರೆಂಟ್ ಎಲ್ಲೋ ಸೋರುತ್ತಿದೆ. ಎಲ್ಲರೂ ಮಾಡುವಂತೆ ನಾನೂ ನೆಗೆಟಿವ್ ಬಿಚ್ಚಿ ಮೀಟರನ್ನು ಸೀರೀಸ್‌ನಲ್ಲಿ ಹಾಕಿದೆ. ಎರಡು ದಿನ ದಂಡವಾಯಿತು. ಬಿಚ್ಚಿ ಹಾಕಿದ ಕೂಡಲೇ ಎಲ್ಲ ಮಾಡ್ಯೂಲ್‌ಗಳೂ (ಒಂದೊಂದು ಕೆಲಸ ನೋಡಿಕೊಳ್ಳುವ ಸಣ್ಣ ಕಂಪ್ಯೂಟರ್‌ಗಳು) ರೀಸೆಟ್ ಆಗುತ್ತವೆ, ಎದ್ದು ಕೂತಿದ್ದ ಕಳ್ಳ ಮಾಡ್ಯೂಲ್ ಕೂಡ ಮಲಗಿಬಿಡುತ್ತೆ. 28 ಮಿಲಿಆಂಪ್ ತೋರಿಸಿತು, ಅದು ಏನೇನೂ ತಪ್ಪಿಲ್ಲದ ಅಂಕಿ. ಆಮೇಲೆ ಹಿಡಿದದ್ದು ಫ್ಯೂಸ್ ಮೇಲೆ ಮಿಲಿವೋಲ್ಟ್ ಅಳೆಯುವ ದಾರಿ. ಏನನ್ನೂ ಬಿಚ್ಚುವಂತಿಲ್ಲ. ಡಿಕ್ಕಿ ಬಾಗಿಲು ತೆರೆದಿಟ್ಟು ಅದರ ಲಾಚನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ, ಬಾಗಿಲು ಮುಚ್ಚಿದೆ ಎಂದು ಗಾಡಿಯನ್ನು ನಂಬಿಸಬೇಕು, ಕೆಲಸ ಮುಗಿದ ಮೇಲೆ ಹಿಡಿಕೆ ಒತ್ತಿ ಲಾಚ್ ಬಿಡಿಸುವುದನ್ನು ಮರೆಯಬಾರದು. ಕೀಯನ್ನು ಹತ್ತು ಮೀಟರ್ ಆಚೆ ಇಟ್ಟು 40 ನಿಮಿಷ ಕಾಯಿರಿ. ಮೀಟರ್ 200 ಮಿಲಿವೋಲ್ಟ್ ರೇಂಜ್‌ನಲ್ಲಿ 0.1 ತೋರಿಸುವಂಥದ್ದಿರಬೇಕು. ಫ್ಯೂಸ್ ತಲೆಯ ಮೇಲಿನ ಎರಡು ಚುಕ್ಕಿ ಲೋಹಕ್ಕೆ ಮೊನೆ ತಾಗಿಸಿ ಒಂದೊಂದನ್ನೂ ನೋಡುತ್ತಾ ಹೋಗುವುದು. ಸಣ್ಣ ಬ್ಲೇಡಿನ 10 ಆಂಪ್ ಫ್ಯೂಸ್‌ನಲ್ಲಿ 1 ಮಿಲಿವೋಲ್ಟ್ ಬಂದರೆ ಸುಮಾರು 130 ಮಿಲಿಆಂಪ್ ಹರಿಯುತ್ತಿದೆ, 15 ಆಂಪ್‌ನದರಲ್ಲಿ ಸುಮಾರು 200. ಲೆಕ್ಕ ಕರಾರುವಾಕ್ಕಾಗಿ ಬೇಕಿಲ್ಲ, ಸೊನ್ನೆ ಇರಬೇಕಾದಲ್ಲಿ ಸೊನ್ನೆ ಇಲ್ಲದಿದ್ದರೆ ಸಾಕು.

ಮೊದಲ ದಿನ ಸಿಕ್ಕಿದ್ದು ಡ್ಯಾಶ್‌ಕ್ಯಾಮ್. ಪಾರ್ಕಿಂಗ್ ಮೋಡ್‌ನಲ್ಲಿ 250 ಮಿಲಿಆಂಪ್ ಹತ್ತಿರ ಎಳೆಯುತ್ತಿತ್ತು. ಕಳ್ಳ ಸಿಕ್ಕ ಎಂದುಕೊಂಡು ಅದರ ವೈರ್ ತೆಗೆದೆ, ಒಬಿಡಿ ಡಾಂಗಲ್ (ಗಾಡಿಯ ತಪಾಸಣೆ ಸಾಕೆಟ್‌ಗೆ ಸಿಕ್ಕಿಸುವ ಸಾಧನ) ಕೂಡ ಕಿತ್ತೆ. ಮುಂದಿನ ಮಳೆಗೆ ಬ್ಯಾಟರಿ ಮತ್ತೆ ಸತ್ತಿತು. ಅಲ್ಲಿಗೆ ನನಗೆ ಖಾತ್ರಿಯಾದದ್ದು ಇಷ್ಟು: ಅಳೆಯಬೇಕಾದ್ದು ಒಣಗಿದ ಗಾಡಿಯಲ್ಲಲ್ಲ, ನೆನೆದ ಗಾಡಿಯಲ್ಲಿ. ಛಾವಣಿ ಮೇಲೆ ಅರ್ಧ ಗಂಟೆ ಪೈಪ್ ನೀರು ಬಿಟ್ಟು, ರಾತ್ರಿ ಕಳೆದು ಬೆಳಿಗ್ಗೆ ಅಳೆದೆ. ಹಿಂದಿನ ದಿನ ಸೊನ್ನೆ ಇದ್ದ ಡಿಕ್ಕಿ ಬಾಗಿಲಿನ ಮೋಟಾರ್ ಮಾಡ್ಯೂಲ್ ಫ್ಯೂಸ್‌ನಲ್ಲಿ 1.4 ಮಿಲಿವೋಲ್ಟ್. 15 ಆಂಪ್ ಫ್ಯೂಸ್, ಅಂದರೆ 280 ಮಿಲಿಆಂಪ್ ಆಸುಪಾಸು, ದಿನಕ್ಕೆ ಆರೂವರೆ ಏಳು ಆಂಪ್-ಅವರ್. 45 ಆಂಪ್-ಅವರ್‌ನ ಹೊಸ ಬ್ಯಾಟರಿ ಇದನ್ನು ಆರು ದಿನ ತಡೆಯುತ್ತೆ. ಎರಡು ಸಲ ಪೂರ್ತಿ ಬಸಿದ ಎಜಿಎಂ (ಆಸಿಡ್ಡನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಟ್ಟುಕೊಂಡ ಬಗೆಯ) ಬ್ಯಾಟರಿಯಲ್ಲಿ ಉಳಿದಿರುವುದೇ 25 ಚಿಲ್ಲರೆ, ಅದಕ್ಕೇ ನಾಲ್ಕು ದಿನ. ಹೊಸ ಬ್ಯಾಟರಿ ಹಾಕಿದಾಗ ವಾಸಿಯಾದಂತೆ ಕಂಡು ಮತ್ತೆ ಮರುಕಳಿಸುತ್ತಿದ್ದುದರ ಗುಟ್ಟು ಇದು. ಎರಡು ಬ್ಯಾಟರಿಗೆ 15,000ದಷ್ಟು ಸುಮ್ಮನೆ ಸುರಿದಂತಾಯಿತು.

ಈಗ ನೀರು ಎಲ್ಲಿಂದ? ಇದರಲ್ಲೇ ಹೆಚ್ಚು ಹೊತ್ತು ಹೋಯಿತು. ನೀರು ಕಾಣುವ ಜಾಗ ಬೇರೆ, ಬರುವ ಜಾಗ ಬೇರೆ. ನನ್ನದರಲ್ಲಿ ಕಂಡದ್ದು ಸ್ಟೆಪ್ನಿ ಗುಂಡಿಯ ಎಡಗಡೆ, ಒಂದು ಚೊಂಬಿನಷ್ಟು. ಮೊದಲು ಟೈಲ್ ಲ್ಯಾಂಪ್ ಗ್ಯಾಸ್ಕೆಟ್ ಮೇಲೆ ಅನುಮಾನ, ಬಿಚ್ಚಿ ಬ್ಯೂಟೈಲ್ ಟೇಪ್ ಹಾಕಿದೆ, ಏನೂ ಆಗಲಿಲ್ಲ. ಹಿಂದಿನ ವೈಪರ್‌ಗೆ ನೀರು ಒಯ್ಯುವ ಪೈಪಿನ ಜಾಯಿಂಟ್ ನೋಡಿದೆ, ಅದು ಕಳಚಿದ್ದರೆ ಸೋಪಿನ ವಾಸನೆ ಬರುತ್ತೆ, ಅದೂ ಅಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ರಂಗೋಲಿ ಪುಡಿ. ಎಡ ಪಕ್ಕದ ಪ್ಲಾಸ್ಟಿಕ್ ಟ್ರಿಮ್ ತೆಗೆದು, ಒಳಗಿನ ತಗಡಿನ ಅಂಚುಗಳಿಗೆಲ್ಲ ಒಣ ಬಿಳಿ ಪುಡಿಯನ್ನು ತೆಳ್ಳಗೆ ಸವರಿದೆ. ಕನೆಕ್ಟರ್‌ಗಳ ಮೇಲೆ ಬೀಳದಂತೆ ಮೊದಲೇ ಪ್ಲಾಸ್ಟಿಕ್ ಸುತ್ತಿರಬೇಕು. ಆಮೇಲೆ ಕೆಳಗಿನಿಂದ ಮೇಲಕ್ಕೆ ನೀರು: ಬಂಪರ್ ಮಟ್ಟ, ಲ್ಯಾಂಪ್ ಮಟ್ಟ, ಗಾಜಿನ ಅಂಚು, ಕೊನೆಗೆ ಛಾವಣಿ. ಮೇಲಿನಿಂದ ಶುರು ಮಾಡಿದರೆ ಎಲ್ಲವೂ ನೆನೆದು ಏನೂ ಗೊತ್ತಾಗುವುದಿಲ್ಲ. ಸನ್‌ರೂಫ್ ತೆರೆದು ಹಿಂದಿನ ಎಡ ಮೂಲೆಯ ಡ್ರೈನ್ (ನೀರು ಹೊರಹೋಗುವ) ತೂತಿಗೆ ಕಾಲು ಲೀಟರ್ ನೀರು ನಿಧಾನ ಬಿಟ್ಟಾಗ, ಅದು ಪೈಪಿನಲ್ಲಿ ಇಳಿದು ಹೊರಬರಬೇಕಿದ್ದ ಹಿಂದಿನ ಚಕ್ರದ ಬಳಿ ಒಂದು ಹನಿಯೂ ಇಳಿಯಲಿಲ್ಲ. ಒಳಗೆ ಪಿಲ್ಲರ್ ಪಕ್ಕದ ಬಿಳಿ ಪುಡಿಯಲ್ಲಿ ಬೆರಳಗಲದ ಕಪ್ಪು ಗೆರೆ ಮೂಡಿತು. ಅದು ವೈರ್ ಹಾರ್ನೆಸ್ (ವೈರ್‌ಗಳ ಕಟ್ಟು) ಹಿಡಿದು ನೇರ ಮಾಡ್ಯೂಲಿನ ಕನೆಕ್ಟರ್‌ಗೇ ಇಳಿದಿತ್ತು. ಹಾರ್ನೆಸ್ ಮೇಲಿನ ಬಟ್ಟೆ ಟೇಪು ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ನೀರು ಹೀರಿತ್ತು.

ಎರಡು ತಪ್ಪು ಒಟ್ಟಿಗೆ ಸೇರಿದ್ದವು. ಡ್ರೈನ್ ಪೈಪಿನ ಕೆಳತುದಿಯಲ್ಲಿ ಬಾತುಕೋಳಿ ಕೊಕ್ಕಿನ ಹಾಗಿರುವ ರಬ್ಬರ್ ಇರುತ್ತಲ್ಲ, ಅದರಲ್ಲಿ ಕಡಜ ಮಣ್ಣಿನ ಗೂಡು ಕಟ್ಟಿತ್ತು, ಮೇಲೆ ಹೊಂಗೆ ಹೂವಿನ ಕೊಳೆತ ಚೂರ್ಣ. ನಮ್ಮ ಮೈಸೂರಿನ ರಸ್ತೆಗಳಲ್ಲಿ ಮರದಡಿ ನಿಲ್ಲಿಸುವ ಎಲ್ಲರಿಗೂ ಇದು ತಪ್ಪಿದ್ದಲ್ಲ. ಅದರ ಜೊತೆಗೆ ಯಾರೋ ತೊಳೆಯುವಾಗ ಮೇಲಿನಿಂದ ಕಂಪ್ರೆಸರ್ ಗಾಳಿ ಹೊಡೆದಿದ್ದಾರೆ. ಕೆಳಗೆ ಕಟ್ಟಿದ್ದರಿಂದ ಗಾಳಿಗೆ ದಾರಿಯಿಲ್ಲದೆ ಪೈಪೇ ಮೇಲಿನ ನಿಪ್ಪಲ್‌ನಿಂದ ಅರ್ಧ ಜಾರಿದೆ. ಸನ್‌ರೂಫ್ ಡ್ರೈನ್‌ಗೆ ಗಾಳಿ ಹೊಡೆಯಲು ಯಾರನ್ನೂ ಬಿಡಬೇಡಿ. ಮಂಡ್ಯದ ಕೃಷಿ ಸಾಮಗ್ರಿ ಅಂಗಡಿಗಳಲ್ಲಿ ಕಳೆ ಕತ್ತರಿಸುವ ಯಂತ್ರದ ನೈಲಾನ್ ದಾರ ಸಿಗುತ್ತೆ. 2.4 ಮಿಲಿಮೀಟರ್‌ನದು ಮೂರು ಮೀಟರ್ ತಂದು, ತುದಿಯನ್ನು ಲೈಟರ್‌ನಲ್ಲಿ ಕರಗಿಸಿ ಗುಂಡಗೆ ಮಾಡಿ, ಕೆಳಗಿನಿಂದ ಮೇಲಕ್ಕೆ ತಿರುವುತ್ತಾ ತಳ್ಳಿ. ಚೂಪು ತುದಿ ಪೈಪನ್ನೇ ತೂತು ಮಾಡುತ್ತೆ. ಕೊಕ್ಕಿನ ರಬ್ಬರನ್ನು ಕತ್ತರಿಸಿ ಎಸೆಯುವವರೂ ಇದ್ದಾರೆ, ನೀರು ಸಲೀಸಾಗಿ ಹೋಗುತ್ತೆ ನಿಜ, ಆದರೆ ಕಡಜಕ್ಕೆ ಬಾಗಿಲು ತೆರೆದಿಟ್ಟಂತೆ. ನಾನು ಅದನ್ನು ಉಳಿಸಿಕೊಂಡು ಮೂರು ತಿಂಗಳಿಗೊಮ್ಮೆ ಹಿಚುಕುತ್ತೇನೆ.

ಜಾರಿದ ಪೈಪನ್ನು ಮತ್ತೆ ಕೂರಿಸಲು ಹೆಡ್‌ಲೈನರ್ (ಛಾವಣಿಯ ಒಳಹೊದಿಕೆ) ಇಳಿಸಬೇಕು ಎಂದು 9,000 ಕೇಳಿದ್ದರು. ಪೂರ್ತಿ ಇಳಿಸದೆ ಆ ಮೂಲೆಗೆ ಎರಡು ಬೆರಳು ತಲುಪುವ ದಾರಿ ನನಗೆ ಸಿಕ್ಕಿತು, ಒಂದೂವರೆ ಗಂಟೆಯಲ್ಲಿ ಮುಗಿಸಿದೆ. ಆ ದಾರಿ ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಕಿಟಕಿ ಮೇಲೆ ಪರದೆಯಂತೆ ಬಿಚ್ಚಿಕೊಳ್ಳುವ ಕರ್ಟನ್ ಏರ್‌ಬ್ಯಾಗ್ ಅದೇ ಅಂಚಿನಲ್ಲಿ ಮಲಗಿರುತ್ತೆ. ನೋಡಿ ಕಲಿಯಬೇಕಾದ ಕೆಲಸ ಅದು. ಯಾರು ಮಾಡಿದರೂ 12 ವೋಲ್ಟ್ ನೆಗೆಟಿವ್ ಬಿಚ್ಚಿ ಐದು ನಿಮಿಷವಾದರೂ ಬಿಟ್ಟು ಕೈ ಹಾಕಿ. ಪೈಪ್ ಮೇಲೆ ಸ್ಟೀಲ್ ಸ್ಪ್ರಿಂಗ್ ಕ್ಲಿಪ್ ಹಾಕಿದ್ದೇನೆ, ಬಿಗಿಯುವ ಜುಬಿಲಿ ಕ್ಲಿಪ್ ಬೇಡ, ಪ್ಲಾಸ್ಟಿಕ್ ನಿಪ್ಪಲ್ ಸೀಳುತ್ತೆ.

ಕನೆಕ್ಟರ್ ಬಿಚ್ಚಿದಾಗ ಎರಡು ಪಿನ್ ಹಸಿರು ತಿರುಗಿದ್ದವು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ನೈಲಾನ್ ಬ್ರಷ್‌ನಲ್ಲಿ ಉಜ್ಜಿದೆ. ಒಂದು ಪಿನ್ ತಳದವರೆಗೂ ತಿಂದುಹೋಗಿತ್ತು, ಹೊಸ ಟರ್ಮಿನಲ್ ಕ್ರಿಂಪ್ ಮಾಡಿ ಅಂಟುಳ್ಳ ಹೀಟ್ ಶ್ರಿಂಕ್ ಹಾಕಿದೆ. ವೈರಿನ ಒಳಗೂ ಹಸಿರು ಏರಿರುತ್ತೆ, ತಾಮ್ರ ಕೆಂಪಗೆ ಹೊಳೆಯುವವರೆಗೆ ಕತ್ತರಿಸಿಕೊಂಡು ಹೋಗಬೇಕು, ನನಗೆ ನಾಲ್ಕು ಸೆಂಟಿಮೀಟರ್ ಹೋಯಿತು. ಡೈಎಲೆಕ್ಟ್ರಿಕ್ (ಕರೆಂಟ್ ಹರಿಯಗೊಡದ) ಗ್ರೀಸ್ ಅನ್ನು ಸೀಲಿಗೆ ಸವರಿದರೆ ಸಾಕು, ಪಿನ್ ತುಂಬ ಮೆತ್ತುವುದು ಬೇಡ. ಎಲ್ಲಕ್ಕಿಂತ ಮುಖ್ಯ, ವೈರನ್ನು ಕನೆಕ್ಟರ್‌ಗಿಂತ ಕೆಳಗೆ ಒಂದು ಗೇಣು ಬಾಗಿಸಿ ಆಮೇಲೆ ಮೇಲಕ್ಕೆ ತಂದು ಸಿಕ್ಕಿಸಿದೆ. ನಾಳೆ ಮತ್ತೆ ನೀರು ಬಂದರೂ ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತೆ. ಕಾರ್ಖಾನೆಯಿಂದ ವೈರ್ ಮೇಲಿನಿಂದ ನೇರ ಇಳಿದಿತ್ತು.

ನೆಲದ ಫೋಮ್ ಒಣಗಿಸದೆ ಮುಚ್ಚಬೇಡಿ. ಮೇಲಿನ ಕಾರ್ಪೆಟ್ ಒಣಗಿದಂತಿದ್ದರೂ ಅಡಿಯ ಫೋಮ್ ಹಿಂಡಿದರೆ ನನಗೆ ಅರ್ಧ ಬಕೆಟ್ ನೀರು ಬಂತು. ಅಲ್ಲೇ ಬಾಡಿ ಅರ್ಥಿಂಗ್ ಬೋಲ್ಟ್ ಇರುತ್ತೆ. ಲೋಡ್ ಹಾಕಿ ಬೋಲ್ಟ್‌ನಿಂದ ಬ್ಯಾಟರಿ ನೆಗೆಟಿವ್‌ವರೆಗೆ ಅಳೆದಾಗ 0.1 ವೋಲ್ಟ್ ಮೀರಿದರೆ ಬಿಚ್ಚಿ ಉಜ್ಜಿ. ಬ್ಯಾಟರಿ ಡಿಕ್ಕಿಯಲ್ಲೋ ಸೀಟಿನಡಿಯೋ ಇದ್ದರೆ ಗ್ಯಾಸ್ ಹೊರಹೋಗುವ ಸಣ್ಣ ಪೈಪನ್ನು ಮತ್ತೆ ಸಿಕ್ಕಿಸಿದ್ದೀರಾ ನೋಡಿ. ಬ್ಯಾಟರಿ ಬದಲಿಸಿದವರು ಎರಡೂ ಸಲ ಅದನ್ನು ಹೊರಗೇ ಬಿಟ್ಟಿದ್ದರು. ಚಾರ್ಜ್ ಆಗುವಾಗ ಹೈಡ್ರೋಜನ್ ಕ್ಯಾಬಿನ್‌ಗೆ ಬರುತ್ತೆ.

ಹೈವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ವೈರಿಗೆ ನಾನು ಕೈ ಹಾಕಿಲ್ಲ, ನೀವೂ ಹಾಕಬೇಡಿ. ಹೈವೋಲ್ಟೇಜ್ ಬ್ಯಾಟರಿ ಕಡೆ ನಾನು ಮಾಡುವುದು ಹಿಂದಿನ ಸೀಟಿನ ಪಕ್ಕದ ಗಾಳಿ ಜಾಲರಿಯ ಫಿಲ್ಟರ್ ತೆಗೆದು ಬ್ರಷ್ ಮಾಡುವುದು, ಅಷ್ಟೆ. ಕಬ್ಬಿನ ಗದ್ದೆ ರಸ್ತೆಗಳ ದೂಳಿಗೆ ಐದು ಸಾವಿರ ಕಿಲೋಮೀಟರ್‌ಗೇ ಅದು ಬೂದು ಬಣ್ಣಕ್ಕೆ ತಿರುಗಿರುತ್ತೆ. ನೆನೆದ ಗಾಡಿಯಲ್ಲಿ ಪಿ0ಎಎ6 ಕೋಡ್ ಬಂದರೆ ಹೈವೋಲ್ಟೇಜ್ ಇನ್ಸುಲೇಷನ್ ಕುಸಿದಿದೆ ಎಂದರ್ಥ, ಅಲ್ಲಿಗೆ ಮನೆ ಕೆಲಸ ನಿಲ್ಲಿಸಿ ಟ್ರಕ್ ಮೇಲೆ ಕಳಿಸಿ.

ಕನ್ವರ್ಟರ್ ಬಗ್ಗೆ ಅನುಮಾನ ಪೂರ್ತಿ ತೊಲಗಲೆಂದು ಚಾಮುಂಡಿ ಬೆಟ್ಟದಲ್ಲೂ ಅಳೆದೆ. ಇಳಿಯುವಾಗ ಎತ್ತರದ ವ್ಯತ್ಯಾಸ ಸುಮಾರು 300 ಮೀಟರ್, ಒಂದೂವರೆ ಟನ್ ಗಾಡಿಗೆ ಅದು 1.2 ಕಿಲೋವ್ಯಾಟ್-ಅವರ್ ಶಕ್ತಿ ಆಯಿತು. ಇಳಿಜಾರಿನಲ್ಲಿ ಮೋಟಾರ್ ಗಾಡಿಯನ್ನು ಹಿಡಿದು ಆ ಶಕ್ತಿಯನ್ನು ಹೈವೋಲ್ಟೇಜ್ ಬ್ಯಾಟರಿಗೆ ತುಂಬಲು ನೋಡುತ್ತೆ. ಆ ಬ್ಯಾಟರಿ ಪ್ಯಾಕ್‌ನಲ್ಲಿ ಬಳಕೆಗೆ ಬಿಡುವ ಜಾಗ ಅದರ ಅರ್ಧವೂ ಇಲ್ಲ. ಹಾಗಾಗಿ ಬೆಟ್ಟದ ನಡುವೆಯೇ ಬ್ಯಾಟರಿ ತುಂಬಿ, ಹಿಡಿತಕ್ಕೆಂದು ಗಾಡಿ ಎಂಜಿನನ್ನು ಸುಮ್ಮನೆ ತಿರುಗಿಸಿ ಜೋರು ಸದ್ದು ಮಾಡುತ್ತೆ. ಅದನ್ನು ದೋಷ ಎಂದುಕೊಂಡು ಗ್ಯಾರೇಜಿಗೆ ಒಯ್ಯಬೇಡಿ. ಅಷ್ಟು ಹೊತ್ತೂ 12 ವೋಲ್ಟ್ ಕಡೆ 14.1 ಕದಲಲಿಲ್ಲ.

ಇದೇ ಹೊತ್ತಿಗೆ ಇನ್ವರ್ಟರ್ ಕೂಲೆಂಟ್ ತಿಂಗಳಿಗೆ ಒಂದು ಸೆಂಟಿಮೀಟರ್ ಇಳಿಯುತ್ತಿತ್ತು. ಅದರ ಡಬ್ಬ ಎಂಜಿನ್‌ನದಕ್ಕಿಂತ ಬೇರೆ, ತುಂಬ ಜನ ನೋಡುವುದೇ ಇಲ್ಲ. ಹೋಸ್ ಕ್ಲಾಂಪ್ ಪಕ್ಕ ಗುಲಾಬಿ ಬಣ್ಣದ ಒಣ ಹುಡಿ ಅಂಟಿತ್ತು, 60 ರೂಪಾಯಿ ಕ್ಲಾಂಪ್‌ಗೆ ನಿಂತಿತು. ಬೋರ್‌ವೆಲ್ ನೀರು ಮಾತ್ರ ಸುರಿಯಬೇಡಿ, ನಮ್ಮ ಕಡೆಯ ಗಡಸು ನೀರಿಗೆ ಸಣ್ಣ ದಾರಿಗಳಲ್ಲಿ ಸುಣ್ಣ ಕಟ್ಟುತ್ತೆ.

ಇಲಿಗಳ ಮಾತನ್ನೂ ಹೇಳಿಬಿಡುತ್ತೇನೆ. ಮಂಡ್ಯ ಕಡೆ ಭತ್ತದ ಕೊಯ್ಲು ಮುಗಿದ ಕೂಡಲೇ ಇಲಿ ಮನೆಗಳತ್ತ ಬರುತ್ತವೆ, ಬಿಸಿ ಬಾನೆಟ್ ಅವಕ್ಕೆ ಅರಮನೆ. ಹುಣಸೂರಿನ ಹೊಗೆಸೊಪ್ಪಿನ ಕಡ್ಡಿ ಕಟ್ಟಿ ನೋಡಿದೆ, ಹದಿನೈದು ದಿನ ಸರಿ, ವಾಸನೆ ಹೋದ ಮೇಲೆ ಅದರ ಮೇಲೇ ಕೂತಿದ್ದವು. ನುಸಿಗುಳಿಗೆ ಕ್ಯಾಬಿನ್ ಒಳಗೆಲ್ಲ ನಾರಿತು. ಕ್ಯಾಬಿನ್ ಗಾಳಿ ಬಾಯಿಗೆ 6 ಮಿಲಿಮೀಟರ್ ಕಣ್ಣಿನ ಜಿಂಕ್ ಜಾಲರಿ ಕಟ್ಟಿದ್ದು ಮಾತ್ರ ನಿಂತಿದೆ. ವೈರಿಗೆ ಸವರುವ ಒಂದು ಖಾರದ ಮಿಶ್ರಣವೂ ಚೆನ್ನಾಗಿ ಕೆಲಸ ಮಾಡುತ್ತಿದೆ, ಇನ್ನೊಂದು ಸುಗ್ಗಿ ದಾಟಲಿ, ಅಳತೆ ಆಮೇಲೆ.

ಖರ್ಚು ನೆನಪಿದ್ದಷ್ಟು: ಎಜಿಎಂ ಮೋಡ್ ಇರುವ ಸಣ್ಣ ಚಾರ್ಜರ್ 2,200, ಟ್ರಿಮ್ ತೆಗೆಯುವ ಸೆಟ್ 400, ಕ್ಲೀನರ್ ಮತ್ತು ಗ್ರೀಸ್ 600, ಮುರಿದ ಕ್ಲಿಪ್‌ಗಳಿಗೆ 200, ನೈಲಾನ್ ದಾರ, ಟರ್ಮಿನಲ್, ಶ್ರಿಂಕ್ ಎಲ್ಲ ಸೇರಿ ಇನ್ನೊಂದು ನಾನೂರು ಐನೂರು. ಮೀಟರ್ ಮೊದಲೇ ಇತ್ತು. ಎರಡನೇ ಬ್ಯಾಟರಿಯನ್ನು ಬದಲಿಸದೆ ಚಾರ್ಜರ್‌ನಲ್ಲಿ ಎರಡು ರಾತ್ರಿ ಇಟ್ಟು ವಾಪಸ್ ಹಾಕಿದ್ದೇನೆ. ಅಕ್ಟೋಬರ್ ಮಳೆಯಲ್ಲಿ ಹನ್ನೊಂದು ದಿನ ಬಯಲಲ್ಲೇ ನಿಂತಿದ್ದ ಗಾಡಿ ಮೊದಲ ಒತ್ತಿಗೇ ರೆಡಿ ಆಯಿತು, ಟರ್ಮಿನಲ್‌ನಲ್ಲಿ 12.4 ಇತ್ತು. ಬಲಗಡೆಯ ಹಿಂದಿನ ಡ್ರೈನ್ ಇನ್ನೂ ಸ್ವಲ್ಪ ನಿಧಾನ, ಕಾಲು ಲೀಟರ್ ಇಳಿಯಲು 50 ಸೆಕೆಂಡ್ ತೆಗೆದುಕೊಳ್ಳುತ್ತೆ, ಎಡಗಡೆಯದು 20. ಈ ಬೇಸಿಗೆಯಲ್ಲಿ ಅದರ ಟ್ರಿಮ್ ತೆಗೆಯುತ್ತೇನೆ.